ಗೆರೆ ಮೊದಲೋ, ಬಣ್ಣ ಮೊದಲೋ: ಮೂರೂ ದಾರಿ ಹಿಡಿದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಬಣ್ಣ ಮೊದಲು ಹಾಕುವವರ ಪಕ್ಷ. ಹಾಳೆ ಮೇಲೆ ವಾಟರ್‌ಕಲರ್ ಬಣ್ಣ ಹರಿಯಬಿಟ್ಟು, ಅದು ಒಣಗಿದ ಮೇಲೆ ಪೆನ್ನಿನಲ್ಲಿ ನಾಲ್ಕು ಗೆರೆ ಎಳೆಯುವುದು. ಒಂದು ವರ್ಷದ ಹಿಂದೆ ಯಾರಾದರೂ ಹೀಗೆ ಹೇಳಿದ್ದರೆ ಉಲ್ಟಾ ಕೆಲಸ ಅಂದಿರುತ್ತಿದ್ದೆ. ಸ್ಕೂಲಲ್ಲಿ ನಾವೆಲ್ಲ ಕಲಿತದ್ದು ಚಿತ್ರ ಬರೆದು ಆಮೇಲೆ ಬಣ್ಣ ತುಂಬುವುದನ್ನೇ ಅಲ್ವಾ? ನಾನೂ ಹಾಗೇ ಶುರು ಮಾಡಿದೆ. ಅದಕ್ಕೆ ಅಂತ ದುಡ್ಡು ಸುರಿದೆ. ಅಪ್ಪನ ಇಂಕ್ ಪೆನ್ನೊಂದನ್ನು ಕೆಡಿಸಿಯೂ ಇಟ್ಟೆ.

ನಾನಿರುವುದು ಮೈಸೂರಿನಲ್ಲಿ. ಭಾನುವಾರ ಬೆಳಿಗ್ಗೆ ದೇವರಾಜ ಮಾರುಕಟ್ಟೆಗೆ ತರಕಾರಿಗೆ ಹೋಗುತ್ತೇನೆ. ತರಕಾರಿ ಚೀಲದಲ್ಲೇ ಸ್ಕೆಚ್ ಬುಕ್, ಅಂಗೈಯಗಲದ ಬಣ್ಣದ ಡಬ್ಬಿ, ಒಂದು ಬ್ರಷ್, ನೀರಿನ ಸಣ್ಣ ಬಾಟಲಿ. ಕೂರಲು ಸಿಗುವುದು ಅರ್ಧ ಗಂಟೆ. ಆಮೇಲೆ ಜನ ಜಾಸ್ತಿಯಾಗುತ್ತಾರೆ, ಗಾಡಿಯವರು ‘ಜಾಗ ಜಾಗ’ ಅನ್ನುತ್ತಾರೆ, ಎದ್ದು ಹೋಗಲೇಬೇಕು. ಈ ಅರ್ಧ ಗಂಟೆಯನ್ನು ನೆನಪಿಟ್ಟುಕೊಳ್ಳಿ. ನನ್ನ ತೀರ್ಮಾನ ನಿಂತಿರುವುದೇ ಅದರ ಮೇಲೆ.

ನಾನು ಹೋಲಿಸಿ ನೋಡಿದ್ದು ಮೂರು ದಾರಿ. ಒಂದು, ನೀರಿಗೆ ಕದಡದ ಪೆನ್ನಿನಲ್ಲಿ ಗೆರೆ ಎಳೆದು ಮೇಲೆ ತೆಳುವಾಗಿ ಬಣ್ಣ ಹಾಕುವುದು. ಎರಡು, ನೀರಿಗೆ ಕರಗುವ ಮಾಮೂಲಿ ಇಂಕಿನಲ್ಲಿ ಗೆರೆ ಎಳೆದು, ಒದ್ದೆ ಬ್ರಷ್‌ನಿಂದ ಆ ಗೆರೆಯನ್ನೇ ಕರಗಿಸುವುದು. ಮೂರು, ಆಗಲೇ ಹೇಳಿದ ನನ್ನ ದಾರಿ.

ವಾಟರ್‌ಪ್ರೂಫ್ ಪೆನ್ನು ಕೈಕೊಟ್ಟ ದಿನ

ಶುರುವಿನಲ್ಲಿ ಎಲ್ಲರೂ ಕೊಡುವ ಸಲಹೆ ಇದೇ: ವಾಟರ್‌ಪ್ರೂಫ್ ಫೈನ್‌ಲೈನರ್ (ಸಣ್ಣ ಮೊನೆಯ ಪೆನ್ನು) ತಗೊಳ್ಳಿ, ಗೆರೆ ಎಳೆಯಿರಿ, ಬಣ್ಣ ಹಾಕಿ. ಬೇರೆ ಬೇರೆ ದಪ್ಪದ ಆರು ಪೆನ್ನಿನ ಸೆಟ್ ತರಿಸಿದೆ. ಮನೆಯಲ್ಲಿ ಕರೆಂಟ್ ಬಿಲ್ಲಿನ ಹಿಂದೆ ಗೆರೆ ಎಳೆದು ನೀರು ಸವರಿ ನೋಡಿದೆ. ಒಂದು ಚೂರೂ ಕದಡಲಿಲ್ಲ. ದುಡ್ಡಿಗೆ ಮೋಸವಿಲ್ಲ ಅಂದುಕೊಂಡೆ.

ಭಾನುವಾರ ಬಂತು. ಹೂವಿನ ಸಾಲಿನ ಎದುರು ಕೂತು ಬುಟ್ಟಿ, ತಕ್ಕಡಿ, ಮೇಲೆ ಇಳಿಬಿಟ್ಟ ಹಾರ ಎಲ್ಲಾ ಬರೆದೆ. ಹೊಸದಾಗಿ ಕೊಂಡ ಹತ್ತಿಯ ವಾಟರ್‌ಕಲರ್ ಹಾಳೆ, 300 ಜಿಎಸ್‌ಎಂ, ಅಂದರೆ ಒಳ್ಳೆ ದಪ್ಪನೆಯದು. ಅವತ್ತು ಧಾರಾಳಿಯಾಗಿದ್ದೆ. ಗೆರೆ ಮುಗಿದ ಕೂಡಲೇ ಬ್ರಷ್ ತುಂಬ ಹಳದಿ ತಗೊಂಡು ಚೆಂಡುಹೂವಿನ ರಾಶಿ ಮೇಲೆ ಎಳೆದೆ. ಹಳದಿಯ ಹಿಂದೆಯೇ ಮಸಿ ಬಂತು. ಇಡೀ ರಾಶಿ ಒಲೆ ಒರೆಸಿದ ಬಟ್ಟೆ ಥರ ಆಯಿತು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿ ಬಗ್ಗಿ ನೋಡಿ, ‘ಏನವ್ವಾ, ಹೂವೆಲ್ಲ ಕೊಳೆತೋದ್ವಾ?’ ಅಂದರು.

ಪೆನ್ನಿನ ಮೇಲೆ ‘ವಾಟರ್‌ಪ್ರೂಫ್’ ಅಂತ ಇದೆ. ಮನೆಯಲ್ಲಿ ಪರೀಕ್ಷೆಯೂ ಪಾಸಾಗಿದೆ. ಹಾಗಿದ್ದರೂ ಇಲ್ಲಿ ಯಾಕೆ ಹೀಗೆ? ನಕಲಿ ಮಾಲು ಕಳಿಸಿದ್ದಾರೆ ಅಂತ ನಿರ್ಧಾರ ಮಾಡಿ, ಸೆಟ್ಟನ್ನು ಡ್ರಾಯರಿನ ಒಳಗೆ ಎಸೆದು, ಎರಡು ತಿಂಗಳು ಅದರ ಮುಖ ನೋಡಲಿಲ್ಲ.

ಒಂದು ಮಳೆಯ ಸಂಜೆ ಬೇರೆ ಕೆಲಸವಿಲ್ಲದೆ ಕೂತು ಪರೀಕ್ಷೆ ಮಾಡಿದೆ. ಪ್ರಿಂಟರ್ ಹಾಳೆ, ಮಾಮೂಲಿ ಡ್ರಾಯಿಂಗ್ ಹಾಳೆ, ಆ ದುಬಾರಿ ಹತ್ತಿ ಹಾಳೆ, ಮೂರನ್ನೂ ಪಕ್ಕಪಕ್ಕ ಇಟ್ಟೆ. ಮೂರರ ಮೇಲೂ ಅದೇ ಪೆನ್ನಿನಲ್ಲಿ ಐದೈದು ಗೆರೆ. ಅರ್ಧ ನಿಮಿಷಕ್ಕೆ ಒಂದು ಗೆರೆಗೆ ನೀರು ಮುಟ್ಟಿಸಿದೆ, ಒಂದು ನಿಮಿಷಕ್ಕೆ ಇನ್ನೊಂದಕ್ಕೆ, ಹೀಗೇ ಎರಡಕ್ಕೆ, ಐದಕ್ಕೆ, ಹದಿನೈದಕ್ಕೆ. ಪ್ರಿಂಟರ್ ಹಾಳೆಯಲ್ಲಿ ಮೊದಲ ಗೆರೆಯೂ ಅಲ್ಲಾಡಲಿಲ್ಲ. ಡ್ರಾಯಿಂಗ್ ಹಾಳೆಯಲ್ಲಿ ಮೊದಲನೆಯದು ಮಾತ್ರ ಸ್ವಲ್ಪ ಮಸುಕಾಯಿತು. ಹತ್ತಿ ಹಾಳೆಯಲ್ಲಿ ಎರಡು ನಿಮಿಷದ ಗೆರೆಯೂ ಕದಡಿತು. ಐದು ನಿಮಿಷದ್ದರಲ್ಲಿ ದಪ್ಪ ಇರುವ ಕಡೆ ಮಾತ್ರ ಹೊಗೆಯ ಹಾಗೆ ಎದ್ದಿತು. ಹದಿನೈದು ನಿಮಿಷದ್ದು ಕಲ್ಲು.

ತಪ್ಪು ಪೆನ್ನಿನದಲ್ಲ, ಹಾಳೆಯದೂ ಅಲ್ಲ, ನನ್ನ ಅವಸರದ್ದು. ಒಳ್ಳೆಯ ವಾಟರ್‌ಕಲರ್ ಹಾಳೆಗೆ ಜೆಲಟಿನ್ನಿನಂಥ ಅಂಟನ್ನು ಸವರಿರುತ್ತಾರೆ. ಸೀರೆಗೆ ಗಂಜಿ ಹಾಕಿದ ಹಾಗೆ ಅನ್ನಿ. ಬಣ್ಣ ತಕ್ಷಣ ಒಳಗೆ ಇಂಗದೆ ಮೇಲೇ ಆಡಿಕೊಂಡಿರಲಿ ಅಂತ ಈ ಏರ್ಪಾಡು. ಬಣ್ಣಕ್ಕೆ ಸಿಗುವ ಸವಲತ್ತು ಇಂಕಿಗೂ ಸಿಗುತ್ತದೆ. ಅದೂ ಮೇಲೇ ಕೂತಿರುತ್ತದೆ, ನಿಧಾನವಾಗಿ ಒಣಗುತ್ತದೆ. ಬಿಲ್ಲಿನ ಕಾಗದ ಒಂದೇ ಗುಟುಕಿಗೆ ಹೀರಿಕೊಳ್ಳುವುದರಿಂದ ಮನೆಯ ಪರೀಕ್ಷೆ ಪಾಸಾಗಿತ್ತು. ಪೆನ್ನು ಪರೀಕ್ಷೆ ಮಾಡುವುದಿದ್ದರೆ ಚಿತ್ರ ಬರೆಯುವ ಹಾಳೆಯ ಮೂಲೆಯಲ್ಲೇ ಮಾಡಿ. ಬೇರೆ ಕಾಗದದ ಮೇಲೆ ಮಾಡಿದ ಪರೀಕ್ಷೆಗೆ ಮೂರು ಕಾಸಿನ ಬೆಲೆ ಇಲ್ಲ.

ಸರಿ, ಕಾದರೆ ಆಯಿತಲ್ಲ ಅಂದರೆ, ಕಾಯುವುದರಲ್ಲೇ ಇನ್ನೊಂದು ಪೇಚು. ಒಣಗಿದ ಕಪ್ಪು ಇಂಕಿಗೂ ಒಣಗದ ಕಪ್ಪು ಇಂಕಿಗೂ ನೋಡಲು ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಬೆರಳಿಟ್ಟು ನೋಡಿದರೆ ಗೆರೆ ಕೆಡುತ್ತದೆ. ಅಂದಾಜಿನ ಮೇಲೆ ಬಣ್ಣ ಹಾಕಿ ದೇವರ ಮೇಲೆ ಭಾರ ಹಾಕಬೇಕು. ಬಣ್ಣ ಹಾಗಲ್ಲ. ಒದ್ದೆ ಇರುವವರೆಗೆ ಹೊಳೆಯುತ್ತದೆ, ಒಣಗಿದರೆ ಹೊಳಪು ಹೋಗುತ್ತದೆ. ಅನುಮಾನ ಇದ್ದರೆ ಕೈಯ ಹಿಂಭಾಗ ಮೆತ್ತಗೆ ತಾಗಿಸಿ. ತಣ್ಣಗಿದ್ದರೆ ಒಳಗೆ ಇನ್ನೂ ಪಸೆ ಇದೆ ಅಂತ ಅರ್ಥ.

ಫೈನ್‌ಲೈನರಿನ ಮೇಲೆ ಇನ್ನೂ ಎರಡು ದೂರು ಇವೆ. ತರಿ ತರಿ ಹಾಳೆಯ ಮೇಲೆ ಅದರ ತುದಿ ಬೇಗ ಸವೆದು ಮೊಂಡಾಗುತ್ತದೆ. ಎರಡನೆಯದು ಪೆನ್ನಿನದಲ್ಲ, ನನ್ನದು. ಕೈಯಲ್ಲಿ ಸಣ್ಣ ಮೊನೆ ಇದ್ದರೆ ನಾನು ಇಟ್ಟಿಗೆ ಎಣಿಸಲು ಶುರು ಮಾಡುತ್ತೇನೆ. ಗೆರೆ ಎಲ್ಲಾ ಮುಚ್ಚಿಕೊಂಡ ಮೇಲೆ ಬಣ್ಣಕ್ಕೆ ಉಳಿಯುವುದು ಮಕ್ಕಳ ಬಣ್ಣದ ಪುಸ್ತಕದ ಕೆಲಸ, ಬೇಲಿಯೊಳಗೆ ತುಂಬುವುದು. ಸಡಿಲವಾಗಿ ಬರೆಯಬೇಕು ಅಂತ ಹೊರಟವಳಿಗೆ ಇದು ಸರಿಹೋಗಲಿಲ್ಲ.

ಆದರೆ ಕಟ್ಟಡ ಬರೆಯುವವರಿಗೆ ಇದೇ ಒಳ್ಳೆಯದು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ ದೊಡ್ಡ ಗಡಿಯಾರ ಇದೆಯಲ್ಲ, ಅದನ್ನು ನನ್ನ ದಾರಿಯಲ್ಲಿ ನಾಲ್ಕು ಸಲ ಬರೆದು ನಾಲ್ಕು ಸಲವೂ ವಾಲಿಸಿದ್ದೇನೆ. ಅದರ ಮುಖದ ಕನ್ನಡ ಅಂಕಿಗಳಂತೂ ಗೆರೆ ಮೊದಲು ಹಾಕಿದಾಗ ಮಾತ್ರ ಅಂಕಿಯ ಹಾಗೆ ಕಂಡವು.

ಅಪ್ಪನ ಪೆನ್ನು

ಫೈನ್‌ಲೈನರ್ ಮೇಲೆ ಮುನಿಸಿಕೊಂಡಿದ್ದ ಆ ಎರಡು ತಿಂಗಳಲ್ಲಿ ಒಂದು ಜಾಣತನ ಮಾಡಿದೆ. ಬಾಟಲಿಯಲ್ಲಿ ಬರುವ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕು ತಂದು ಅಪ್ಪನ ಹಳೇ ಇಂಕ್ ಪೆನ್ನಿಗೆ ತುಂಬಿದೆ. ಮೂರು ದಿನಕ್ಕೆ ಪೆನ್ನಿನ ಗಂಟಲು ಕಟ್ಟಿತು. ಆ ಥರದ ಇಂಡಿಯನ್ ಇಂಕಿನಲ್ಲಿ ಕಾಡಿಗೆಯ ಜೊತೆ ಅರಗು ಇರುತ್ತದೆ. ಒಣಗಿದರೆ ನೀರಿಗೆ ಬಿಡುವುದಿಲ್ಲ. ಅದು ಅದ್ದಿ ಬರೆಯುವ ನಿಬ್ಬಿಗೆ ಮಾತ್ರ, ಪೆನ್ನಿನ ಹೊಟ್ಟೆಗಲ್ಲ. ಮೈಸೂರಿನವಳಾಗಿ ನನಗೆ ಇಷ್ಟು ಗೊತ್ತಿರಬೇಕಿತ್ತು. ಓಟು ಹಾಕಿದಾಗ ಬೆರಳಿಗೆ ಬಳಿಯುವ ಇಂಕು 1962ರ ಚುನಾವಣೆಯಿಂದ ನಮ್ಮೂರಿನಿಂದಲೇ ಹೋಗುತ್ತಿದೆ. ಅದನ್ನು ಮಾಡುವ ಕಾರ್ಖಾನೆ 1937ರಲ್ಲಿ ಶುರುವಾದದ್ದೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅಂತ. ಲ್ಯಾಕ್ ಅಂದರೆ ಇದೇ ಅರಗು.

ಅದ್ದಿ ಬರೆಯುವ ನಿಬ್ಬನ್ನು ಮಾರ್ಕೆಟ್ಟಿಗೆ ಒಯ್ಯುವ ಯೋಚನೆ ಬೇಡ. ಇಂಕಿನ ಬಾಟಲಿ ತೊಡೆ ಮೇಲೆ ಉರುಳುತ್ತದೆ.

ಕರಗುವ ಇಂಕು

ಎರಡನೇ ದಾರಿಗೆ ಬೇಕಾದದ್ದು ಯಾವುದೋ ಒಂದು ಇಂಕ್ ಪೆನ್ನು, ಸ್ಟೇಷನರಿ ಅಂಗಡಿಯ ಕಪ್ಪು ಅಥವಾ ರಾಯಲ್ ಬ್ಲೂ ಇಂಕು. ಗೆರೆ ಎಳೆಯಿರಿ. ನೆರಳು ಬೇಕಾದ ಕಡೆ ಒದ್ದೆ ಬ್ರಷ್ ತಾಗಿಸಿ. ಗೆರೆ ಕರಗಿ ತಾನೇ ನೆರಳಾಗುತ್ತದೆ. ಬಣ್ಣದ ಡಬ್ಬಿಯೇ ಬೇಡ. ಮುಖ ಬರೆಯಲು ಇದರಷ್ಟು ಚಂದದ್ದು ಇಲ್ಲ. ಕೆಲವು ಕಪ್ಪು ಇಂಕು ನೀರು ಬಿದ್ದರೆ ಒಡೆದು ಅಂಚಿನಲ್ಲಿ ನೀಲಿ, ನೇರಳೆ ಬಿಡುತ್ತವೆ. ಅದನ್ನು ನೋಡುವುದೇ ಒಂದು ಖುಷಿ.

ಆದರೆ ಇದರ ಮೇಲೆ ಬಣ್ಣ ಹಾಕಲು ಹೋದಿರೋ, ಕೆಟ್ಟಿರಿ. ಹಳದಿಗೆ ಕಪ್ಪು ಸೇರಿದರೆ ಪಾಚಿಯಂಥ ಹಸಿರಾಗುತ್ತದೆ. ಚೆನ್ನಾಗಿ ಮಾಗಿದ ಏಲಕ್ಕಿ ಬಾಳೆಗೊನೆ ಬರೆಯಲು ಕೂತಿದ್ದೆ. ಬಣ್ಣ ಹಾಕಿ ಮುಗಿಸುವಷ್ಟರಲ್ಲಿ ಹಣ್ಣೆಲ್ಲ ವಾಪಸ್ ಕಾಯಾಗಿತ್ತು. ಇಂಥ ಇಂಕು ಬಿಸಿಲಿಗೆ ಮಾಸುತ್ತದೆ ಕೂಡ, ಗೋಡೆಗೆ ಹಾಕುವ ಚಿತ್ರಕ್ಕೆ ಆಗದು.

ಬಣ್ಣ ಮೊದಲು

ಈ ದಾರಿಗೆ ನನ್ನನ್ನು ತಂದದ್ದು ಕುಂಕುಮದ ಅಂಗಡಿ. ದೇವರಾಜ ಮಾರುಕಟ್ಟೆ ನೋಡಿದವರಿಗೆ ಆ ಸಾಲು ಗೊತ್ತು. ತಟ್ಟೆ ತಟ್ಟೆಯಲ್ಲಿ ಗೋಪುರದ ಹಾಗೆ ಸುರಿದ ಪುಡಿ: ಕೆಂಪು, ಅರಿಶಿನ, ನೀಲಿ, ಗುಲಾಬಿ. ಫೈನ್‌ಲೈನರ್ ಹಿಡಿದು ಅದರ ಮುಂದೆ ಕೂತವಳಿಗೆ ಎಲ್ಲಿಂದ ಶುರು ಮಾಡುವುದು ಅಂತಲೇ ತಿಳಿಯಲಿಲ್ಲ. ಪುಡಿಯ ರಾಶಿಗೆ ಗೆರೆ ಎಲ್ಲಿದೆ? ಪೆನ್ನು ಚೀಲಕ್ಕೆ ಹಾಕಿ, ಬ್ರಷ್‌ನಲ್ಲಿ ಆರು ಬಣ್ಣದ ಮುದ್ದೆ ಇಟ್ಟೆ. ಒಂದಕ್ಕೊಂದು ತಾಗಿದ ಕಡೆ ಕೆಂಪು ಹೋಗಿ ಅರಿಶಿನಕ್ಕೆ ಇಳಿಯಿತು. ಒರೆಸಲು ಟೈಮಿರಲಿಲ್ಲ, ಬಿಟ್ಟೆ. ಒಣಗಿದ ಮೇಲೆ ಜೆಲ್ ಪೆನ್ನಿನಲ್ಲಿ ತಟ್ಟೆಗಳ ಅಂಚು, ಅಂಗಡಿಯವರ ಕೈ, ಮೇಲಿನ ಬಲ್ಬು ಇಷ್ಟೇ ಎಳೆದೆ. ವರ್ಷದಲ್ಲಿ ಮೊದಲ ಸಲ ನಾನು ಬರೆದದ್ದು ಮಾರ್ಕೆಟ್ಟಿನ ಹಾಗೆ ಕಂಡಿತು.

ಈಗ ಮಾಡುವುದು ಹೀಗೆ. ಮೊದಲು ಕಣ್ಣು ಅರ್ಧ ಮುಚ್ಚಿ ನೋಡುತ್ತೇನೆ. ಸಣ್ಣ ವಿವರ ಎಲ್ಲಾ ಮಾಯವಾಗಿ ಮೂರೋ ನಾಲ್ಕೋ ದೊಡ್ಡ ಆಕಾರ ಉಳಿಯುತ್ತವೆ. ತಿಳಿ ಬಣ್ಣದಿಂದ ಶುರು. ಬಿಸಿಲು ಬಿದ್ದ ಕಡೆ ಹಾಳೆಯನ್ನು ಹಾಗೇ ಬಿಳಿ ಬಿಡುತ್ತೇನೆ. ಇದನ್ನು ಎಷ್ಟು ಹೇಳಿದರೂ ಕಮ್ಮಿ, ಬಣ್ಣ ಮುಚ್ಚಿದ ಬಿಳಿಯನ್ನು ಆಮೇಲೆ ತರಲು ಆಗುವುದಿಲ್ಲ. ನೆರಳಿಗೆ ಕಪ್ಪು ಬಣ್ಣ ಮುಟ್ಟುವುದಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕಂದು ಸೇರಿಸಿದರೆ ಒಳ್ಳೆಯ ಬೂದು ಬರುತ್ತದೆ. ನೀಲಿ ಜಾಸ್ತಿಯಾದರೆ ತಂಪು ನೆರಳು, ಕಂದು ಜಾಸ್ತಿಯಾದರೆ ಬಿಸಿ ನೆರಳು. ಹತ್ತು ನಿಮಿಷದಲ್ಲಿ ಬ್ರಷ್ ಕೆಲಸ ಮುಗಿಯಬೇಕು. ಅದಕ್ಕಿಂತ ಜಾಸ್ತಿ ಕೆದಕಿದರೆ ಕೆಸರಾಗುತ್ತದೆ.

ಗೆರೆಯ ಸರದಿ ಬಂದಾಗ ಬಣ್ಣದ ಅಂಚಿನ ಮೇಲೇ ಗೆರೆ ಎಳೆಯುವುದಿಲ್ಲ. ಬಣ್ಣ ಒಂದು ಕಡೆ ಇರಲಿ, ಗೆರೆ ಕೂದಲೆಳೆ ಆಚೆ ಹೋಗಲಿ. ನೆರಳಿನ ಕಡೆ ಗಟ್ಟಿಯಾಗಿ, ಬೆಳಕಿನ ಕಡೆ ಮುರಿದು ಮುರಿದು. ಪೆನ್ನನ್ನು ಮೊನೆಯಿಂದ ದೂರ, ಹಿಂದಕ್ಕೆ ಹಿಡಿಯುತ್ತೇನೆ. ಬೆರಳಿಗೆ ಅಷ್ಟು ಹಿಡಿತ ಸಿಗದ ಕಾರಣ ಇಟ್ಟಿಗೆ ಎಣಿಸುವ ಚಟ ತಾನೇ ಬಿಡುತ್ತದೆ.

ಜೇಬಿಗಂತೂ ಇದೇ ಹಿತ. ಗೆರೆ ಕೊನೆಗೆ ಬರುವುದರಿಂದ ಅದರ ಮೇಲೆ ನೀರು ಬೀಳುವ ಪ್ರಶ್ನೆಯೇ ಇಲ್ಲ. ವಾಟರ್‌ಪ್ರೂಫ್ ಯಾಕೆ ಬೇಕು? ಹತ್ತು ರೂಪಾಯಿ ಜೆಲ್ ಪೆನ್ನು ಸಾಕು. ಬಾಲ್ ಪೆನ್ನೂ ಆಗುತ್ತದೆ. ಅದರದ್ದು ಎಣ್ಣೆಯ ಇಂಕು, ಗೆರೆ ಮೇಲೆ ಇನ್ನೊಂದು ಸಲ ಬಣ್ಣ ಹಾಕಬೇಕಾಗಿ ಬಂದರೂ ಅಷ್ಟಾಗಿ ಕದಡುವುದಿಲ್ಲ. ಪೆನ್ನಿನಲ್ಲಿ ಉಳಿದ ದುಡ್ಡನ್ನು ಹಾಳೆಗೆ ಹಾಕಿ. ತೆಳು ಹಾಳೆ ನೀರು ಕುಡಿದು ಹಪ್ಪಳದ ಹಾಗೆ ಏಳುತ್ತದೆ.

ತೊಂದರೆ ಇಲ್ಲ ಅಂತಲ್ಲ. ಏಪ್ರಿಲ್ ಬಿಸಿಲಿನಲ್ಲಿ ಮೂರು ನಿಮಿಷಕ್ಕೆ ಒಣಗುವ ಪುಟ ಜುಲೈ ಜಡಿಮಳೆಯಲ್ಲಿ ಕಾಲು ಗಂಟೆಯಾದರೂ ಪಸೆ ಪಸೆ. ಒದ್ದೆ ಮೇಲೆ ಪೆನ್ನು ಇಟ್ಟರೆ ಗೆರೆಗೆ ಬೇರು ಬಿಡುತ್ತದೆ, ಮೊನೆಗೆ ಹಾಳೆಯ ನಾರು ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಈಗ ಎರಡು ಸ್ಕೆಚ್ ಬುಕ್ ಒಯ್ಯುತ್ತೇನೆ. ಒಂದರಲ್ಲಿ ಬಣ್ಣ ಹಾಕಿ ತೆರೆದಿಟ್ಟು, ಇನ್ನೊಂದರಲ್ಲಿ ಬೇರೆ ಬಣ್ಣ ಶುರು ಮಾಡುವುದು. ಎರಡನೆಯದು ಒಣಗುವಾಗ ಮೊದಲನೆಯದಕ್ಕೆ ಗೆರೆ. ಅರ್ಧ ಗಂಟೆಗೆ ಎರಡು ಚಿತ್ರ. ಒಂದಾದರೂ ಕೆಡುತ್ತದೆ, ಪರವಾಗಿಲ್ಲ.

ನಿಮಗೆ ಮನೆಯಲ್ಲಿ ಮೇಜು, ಫ್ಯಾನು, ಒಂದು ಮಧ್ಯಾಹ್ನದ ಬಿಡುವು ಇದ್ದರೆ ಗೆರೆ ಮೊದಲು ಹಾಕಿ, ಹೋಗಿ ಕಾಫಿ ಕುಡಿದು ಬನ್ನಿ, ಆಮೇಲೆ ಬಣ್ಣ ಹಾಕಿ. ಆ ಆರು ಪೆನ್ನಿನ ಸೆಟ್ಟು ಈಗ ನನ್ನ ತಂಗಿಯ ಹತ್ತಿರ ಇದೆ. ಅವಳು ಸಮಾಧಾನದ ಮನುಷ್ಯಳು, ಚೆನ್ನಾಗಿ ಬರೆಯುತ್ತಾಳೆ. ಮುಖ ಬರೆಯುವ ಹುಚ್ಚಿದ್ದರೆ ಕರಗುವ ಇಂಕು, ಬಣ್ಣದ ಡಬ್ಬಿ ಮುಟ್ಟದೆ.

ನನ್ನ ಚೀಲದಲ್ಲಿ ಈಗ ನಾಲ್ಕು ಬಣ್ಣ, ಒಂದು ದುಂಡು ಬ್ರಷ್, ಎರಡು ಪುಸ್ತಕ, ಎರಡು ಜೆಲ್ ಪೆನ್ನು. ಎರಡು ಯಾಕೆ ಅಂದರೆ, ಹೂವಿನ ಅಜ್ಜಿ ಲೆಕ್ಕ ಬರೆಯಲು ಒಂದನ್ನು ಇಸ್ಕೊಂಡರೆ ವಾಪಸ್ ಬರುವುದು ಮುಂದಿನ ಭಾನುವಾರ.