ಪತ್ತೆಯಾದ ಕೇಸುಗಳ ಪಾಡ್‌ಕಾಸ್ಟ್: ಐದು ಬಗೆ ಕೇಳಿ ನೋಡಿದೆ

ಕೊಲೆಗಾರ ಯಾರು ಅಂತ ಮೊದಲೇ ಗೊತ್ತಿರುವ ಕೇಸನ್ನು ಮುಕ್ಕಾಲು ಗಂಟೆ ಕೇಳುವುದರಲ್ಲಿ ಏನು ಮಜಾ? ದಾವಣಗೆರೆಯಿಂದ ಚಿತ್ರದುರ್ಗಕ್ಕೆ ನನ್ನ ಜತೆ ಬಸ್ಸಿನಲ್ಲಿ ಓಡಾಡುವ ಸಹೋದ್ಯೋಗಿ ಕೇಳುವ ಪ್ರಶ್ನೆ ಇದು. ಅವರಿಗೆ ಪತ್ತೆಯಾಗದ ಕೇಸೇ ಬೇಕು. ನನಗೆ ಉಲ್ಟಾ. ಹೇಗೆ ಸಿಕ್ಕಿಬಿದ್ದ, ಕೋರ್ಟಿನಲ್ಲಿ ಏನು ನಿಂತಿತು, ಏನು ಬಿದ್ದುಹೋಯಿತು ಅನ್ನುವುದರಲ್ಲೇ ನನಗೆ ಕಥೆ ಇರುವುದು. ಹಾಗಾಗಿ ಇಂಥ ಕೇಸು ಹೇಳುವ ಬೇರೆ ಬೇರೆ ಬಗೆಯ ಕಾರ್ಯಕ್ರಮಗಳನ್ನು ದಾರಿಯುದ್ದಕ್ಕೂ ಕೇಳಿದೆ. ಸಹೋದ್ಯೋಗಿಗೂ ಮನೆಯಲ್ಲಿ ಅಕ್ಕನಿಗೂ ಕೇಳಿಸಿ, ಅವರೇನು ಅಂದರು ಅಂತಲೂ ಗಮನಿಸಿದೆ.

ಇಂಗ್ಲಿಷಿನಲ್ಲಿ ಎರಡು ಕಾರ್ಯಕ್ರಮಗಳನ್ನು ಎದುರುಬದುರು ಇಡಬಹುದು. ಒಂದು ಅಮೆರಿಕದ ‘ಸ್ಮಾಲ್ ಟೌನ್ ಡಿಕ್ಸ್’, 2017ರಲ್ಲಿ ಶುರುವಾದದ್ದು. ‘ದ ಸಿಂಪ್ಸನ್ಸ್’ ಕಾರ್ಟೂನಿನ ಲೀಸಾ ಸಿಂಪ್ಸನ್‌ಗೆ ದನಿ ಕೊಡುವ ಯಾರ್ಡ್ಲಿ ಸ್ಮಿತ್ ನಡೆಸಿಕೊಡುತ್ತಾರೆ. ಜತೆಗೆ ಡ್ಯಾನ್, ಡೇವ್ ಅಂತ ಅವಳಿ ಪತ್ತೇದಾರರಿದ್ದಾರೆ. ಸಣ್ಣ ಊರುಗಳ ಕೇಸುಗಳು. ತನಿಖೆ ಮಾಡಿದ ಪೊಲೀಸರೇ ಬಂದು ಹೇಳುತ್ತಾರೆ. ನೊಂದವರ ಗುರುತು ಸಿಗದ ಹಾಗೆ ಹೆಸರು, ಊರು ಬದಲಿಸುತ್ತಾರೆ. ಇನ್ನೊಂದು ಆಸ್ಟ್ರೇಲಿಯಾದ ‘ಕೇಸ್‌ಫೈಲ್’, 2016ರ ಜನವರಿಯಿಂದ ಬರುತ್ತಿದೆ. ಹೇಳುವವನ ಹೆಸರೇ ಗೊತ್ತಿಲ್ಲ, ಅವನೇ ಹೇಳಿಕೊಂಡಿಲ್ಲ. ನಗು ಇಲ್ಲ, ಹರಟೆ ಇಲ್ಲ. ಬರೆದಿಟ್ಟದ್ದನ್ನು ತಣ್ಣಗೆ ಓದುತ್ತಾನೆ. ಪತ್ತೆಯಾದದ್ದು, ಆಗದ್ದು ಎರಡೂ ಬರುವುದರಿಂದ ನಾವೇ ಆರಿಸಿಕೊಳ್ಳಬೇಕು.

ತನಿಖೆ ಹೇಗೆ ನಡೆಯುತ್ತದೆ ಅಂತ ತಿಳಿಯಲು ಮೊದಲನೆಯದೇ ವಾಸಿ. ಆರೋಪಿಯ ಎದುರು ಕೂತಾಗ ಮೊದಲ ಪ್ರಶ್ನೆ ಏನಿರಬೇಕು, ಯಾವ ಮಾತಿಗೆ ಅವನ ಬಣ್ಣ ಬದಲಾಯಿತು, ಇಂಥ ವಿವರ ಬೇರೆ ಕಡೆ ಸಿಗುವುದಿಲ್ಲ. ಆದರೆ ಎಲ್ಲವೂ ಪೊಲೀಸರ ಕಡೆಯ ಮಾತು. ‘ಇವರಿಗೆ ಎದುರುವಾದ ಮಾಡೋರೇ ಇಲ್ವಲ್ಲ’ ಅಂತ ಸಹೋದ್ಯೋಗಿ ಆಕ್ಷೇಪ ತೆಗೆದರು. ಒಪ್ಪುವ ಮಾತೇ. ‘ಕೇಸ್‌ಫೈಲ್’ನಲ್ಲಿ ಸತ್ತವರು ಯಾರು, ಹೇಗೆ ಬದುಕಿದ್ದರು ಅಂತ ಮೊದಲು ಬರುತ್ತದೆ, ಕೊಲೆ ಆಮೇಲೆ. ಅದು ನನಗೆ ಇಷ್ಟ. ಆ ಒಂದೇ ಸಮನೆಯ ದನಿಗೆ ಮಾತ್ರ ನಿದ್ದೆ ಹತ್ತಿ, ನಾನು ಇಳಿಯಬೇಕಾದ ಚಿತ್ರದುರ್ಗವೇ ದಾಟಿಹೋಗಬಹುದು. ಅಕ್ಕ ಐದೇ ನಿಮಿಷಕ್ಕೆ ಸುಸ್ತಾದಳು.

‘ದೇಸಿ ಕ್ರೈಮ್ ಪಾಡ್‌ಕಾಸ್ಟ್’ ಇವೆರಡರ ನಡುವೆ ನಿಲ್ಲುತ್ತದೆ. ಆರ್ಯನ್ ಮಿಶ್ರಾ, ಐಶ್ವರ್ಯಾ ಸಿಂಗ್ ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಾ ನಮ್ಮ ದೇಶದ, ಅಕ್ಕಪಕ್ಕದ ದೇಶಗಳ ಕೇಸು ಹೇಳುತ್ತಾರೆ. ಎಫ್‌ಐಆರ್ ತರಹ ನಮಗೆ ಗೊತ್ತಿರುವ ಪದಗಳೇ ಬರುತ್ತವೆ, ಅಷ್ಟು ಲಾಭ. ಹೊಸಬರಿಗೆ ಸಾಕು.

ನಿಜವಾದ ಪೈಪೋಟಿ ಇರುವುದು ಕನ್ನಡದಲ್ಲಿ. ಇಲ್ಲಿ ಒಂದು ಕಡೆ ನಿವೃತ್ತ ಪೊಲೀಸ್ ಅಧಿಕಾರಿಗಳ ಯೂಟ್ಯೂಬ್ ಸಂದರ್ಶನಗಳು. ಇನ್ನೊಂದು ಕಡೆ ಟೀವಿ ಧಾಟಿಯ ನಿರೂಪಣೆಗಳು: ಗುಡುಗಿನ ಸಂಗೀತ, ‘ಆ ರಾತ್ರಿ ನಡೆದಿದ್ದೇನು?’ ಅನ್ನುವ ದನಿ, ಪ್ರತಿ ಎರಡು ನಿಮಿಷಕ್ಕೆ ಹೇಳಿದ್ದನ್ನೇ ಮತ್ತೆ ಹೇಳುವುದು.

ಮದುವೆ ಆಸೆ ತೋರಿಸಿ ಹೆಣ್ಣುಮಕ್ಕಳಿಗೆ ಸೈನೈಡ್ ಕೊಟ್ಟು ಕೊಂದ ಸೈನೈಡ್ ಮೋಹನ್ ಕೇಸನ್ನು ಎರಡೂ ಬಗೆಯಲ್ಲಿ ಕೇಳಿದೆ. ನಿರೂಪಣೆಯಲ್ಲಿ ಸಿಕ್ಕಿದ್ದು ಮದುವೆ ಆಸೆ, ಲಾಡ್ಜು, ಮಾತ್ರೆ, ಚೀರುವ ಸಂಗೀತ. ಸಂದರ್ಶನದಲ್ಲಿ ಸಿಕ್ಕಿದ್ದು ಬೇರೆಯೇ. 2003ರಿಂದ 2009ರವರೆಗೆ 20 ಹೆಣ್ಣುಮಕ್ಕಳು ಸತ್ತರೂ ಯಾಕೆ ಯಾರಿಗೂ ಹೊಳೆಯಲಿಲ್ಲ? ಹೆಣ ಸಿಗುತ್ತಿದ್ದದ್ದು ಬೇರೆ ಬೇರೆ ಊರಿನ ಬಸ್ ಸ್ಟ್ಯಾಂಡ್ ಶೌಚಾಲಯಗಳಲ್ಲಿ. ಆಯಾ ಠಾಣೆಯಲ್ಲಿ ಒಂದೊಂದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಒಂದು ಠಾಣೆಯ ಕಾಗದ ಇನ್ನೊಂದು ಠಾಣೆಯ ಕಾಗದದ ಮುಖ ನೋಡಿರಲಿಲ್ಲ. 2009ರಲ್ಲಿ ಬಂಟ್ವಾಳದ ಕಡೆಯ ಯುವತಿಯೊಬ್ಬಳು ಕಾಣೆಯಾದಾಗ ಪೊಲೀಸರು ಫೋನ್ ಕರೆಗಳ ಪಟ್ಟಿ ಹಿಡಿದು ಹೋದರು. ಅಲ್ಲಿಂದ ಒಂದೊಂದೇ ಬಿಚ್ಚಿಕೊಂಡಿತು. ಕೇಳುತ್ತಾ ನನಗೆ ಸಿಟ್ಟು ಬಂತು, ಕೊಲೆಗಾರನ ಮೇಲೆ ಮಾತ್ರ ಅಲ್ಲ.

ಹಾಗಂತ ಸಂದರ್ಶನಗಳೆಲ್ಲ ಚಿನ್ನ ಅಂತಲ್ಲ. ಸಾಹೇಬರು ತಮ್ಮನ್ನು ತಾವೇ ಹೊಗಳಿಕೊಳ್ಳುವುದು ಜಾಸ್ತಿ. ಒಂದು ಕೇಸು ಎಂಟು ಕಂತು ಎಳೆಯುತ್ತದೆ. ‘ಒಳಗೆ ಕರೆದುಕೊಂಡು ಹೋಗಿ ಸರಿಯಾಗಿ ವಿಚಾರಿಸಿದೆವು’ ಅಂತ ನಗುತ್ತಾ ಹೇಳುತ್ತಾರೆ, ಆ್ಯಂಕರ್ ಕೂಡ ನಗುತ್ತಾನೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವೇ ಅಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಅದನ್ನೇ ಹೇಳುತ್ತಿತ್ತು, 2024ರ ಜುಲೈಯಲ್ಲಿ ಬಂದ ಹೊಸ ಕಾಯ್ದೆಯಲ್ಲೂ ಅದು ಹಾಗೇ ಇದೆ. ಆರೋಪಿಯ ಮಾತಿನಿಂದ ಮಾಲು ಸಿಕ್ಕರೆ ಅಷ್ಟು ಭಾಗಕ್ಕೆ ಮಾತ್ರ ಬೆಲೆ. ಇಷ್ಟನ್ನು ಆ್ಯಂಕರ್ ಕೇಳಬಾರದಾ?

ಇನ್ನು ಕೇಸಿನ ಕೊನೆ ಏನಾಯಿತು ಅಂತ ಹೇಳುವ ವಿಷಯ. ಇದಕ್ಕೆ ನನ್ನ ಪರೀಕ್ಷೆ ಅತ್ಯಾಚಾರ, ಕೊಲೆಗಳ ಅಪರಾಧಿ ಉಮೇಶ್ ರೆಡ್ಡಿಯ ಕೇಸು. ಅವನು ಚಿತ್ರದುರ್ಗ ಜಿಲ್ಲೆಯವನೇ, ಹಾಗಾಗಿ ಇಲ್ಲಿ ಎಲ್ಲರಿಗೂ ಗೊತ್ತು ಅನ್ನುವ ಭಾವ. ನಾನು ಕೇಳಿದ ನಿರೂಪಣೆಗಳು 2006ರ ಮರಣದಂಡನೆಗೆ ಮುಗಿದುಹೋದವು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ 2022ರ ನವೆಂಬರ್‌ನಲ್ಲಿ ಅದೇ ಕೋರ್ಟ್ ಗಲ್ಲನ್ನು ಕನಿಷ್ಠ 30 ವರ್ಷದ ಜೈಲಿಗೆ ಇಳಿಸಿತು. ಕಾರಣ, ಕಾನೂನು ಮೀರಿ ವರ್ಷಗಟ್ಟಲೆ ಒಂಟಿ ಕೋಣೆಯಲ್ಲಿ ಇಟ್ಟಿದ್ದು. ಇದನ್ನು ಅಕ್ಕನಿಗೆ ಹೇಳಿದಾಗ ಅವಳು ಕೋರ್ಟನ್ನೇ ಬೈದಳು. ಬೈಯಲಿ, ಅದು ಅವಳ ಅಭಿಪ್ರಾಯ. ಆದರೆ ಬೈಯುವುದಕ್ಕಾದರೂ ವಿಷಯ ಗೊತ್ತಾಗಬೇಕಲ್ವಾ?

ನಮ್ಮ ದಾವಣಗೆರೆ ಜಿಲ್ಲೆಯ ಕೇಸುಗಳನ್ನು ಇನ್ನೂ ಯಾರೂ ಸರಿಯಾಗಿ ಹೇಳಿಲ್ಲ ಅನ್ನುವುದು ನನ್ನ ಬೇಸರ. 2024ರ ಅಕ್ಟೋಬರ್‌ನಲ್ಲಿ ನ್ಯಾಮತಿಯ ಬ್ಯಾಂಕಿನಿಂದ ಸುಮಾರು 17 ಕೆಜಿ ಬಂಗಾರ ಹೋಯಿತು. ಪೊಲೀಸ್ ನಾಯಿಗೆ ವಾಸನೆ ಸಿಗದಿರಲಿ ಅಂತ ಖಾರದ ಪುಡಿ ಚೆಲ್ಲಿದ್ದರು. ಮಾರನೆಯ ವರ್ಷ ಮಾರ್ಚ್‌ನಲ್ಲಿ ಬಹುಪಾಲು ಬಂಗಾರ ಸಿಕ್ಕಿದ್ದು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯಲ್ಲಿ! ಅದೇ 2024ರ ಜುಲೈಯಲ್ಲಿ ಸಂತೇಬೆನ್ನೂರಿನ ಕೊಲೆಯೊಂದರಲ್ಲಿ ದಾವಣಗೆರೆಯ ಪೊಲೀಸ್ ನಾಯಿ ತುಂಗಾ-2 ರಾತ್ರಿ ಎಂಟು ಕಿಲೋಮೀಟರ್ ಓಡಿ, ಆರೋಪಿ ಇದ್ದ ಮನೆ ಮುಂದೆ ನಿಂತಿತ್ತು. ಅಲ್ಲಿ ಇನ್ನೊಂದು ಜೀವ ಉಳಿಯಿತು. ಇದಕ್ಕೆ ಗುಡುಗಿನ ಸಂಗೀತ ಯಾಕೆ ಬೇಕು?

ಇಂಗ್ಲಿಷ್ ಆಗುತ್ತದೆ ಅನ್ನುವವರು ‘ಸ್ಮಾಲ್ ಟೌನ್ ಡಿಕ್ಸ್’ನಿಂದ ಶುರು ಮಾಡಿ. ಮಕ್ಕಳು ಜತೆಗಿದ್ದರೆ ಬೇಡ, ಕೆಲವು ಕಂತು ತುಂಬಾ ಕಷ್ಟ. ಕನ್ನಡವೇ ಬೇಕು ಅಂದರೆ ನಿವೃತ್ತ ಅಧಿಕಾರಿಗಳ ಸಂದರ್ಶನ ಹಾಕಿ, ವೇಗ ಒಂದೂವರೆ ಪಟ್ಟು ಇಡಿ, ಸನ್ಮಾನದ ಮೊದಲ ಹತ್ತು ನಿಮಿಷ ದಾಟಿಸಿ. ತೀರ್ಪು ಏನಾಯಿತು ಅಂತ ಮಾತ್ರ ಬೇರೆ ಕಡೆ ಹುಡುಕಿ ನೋಡಿಕೊಳ್ಳಿ.