ರಿಯಾಯಿತಿ ಪಟ್ಟಿಯಿಂದ ಮನೆಯ ಅಡುಗೆ: ಕೋಲಾರದ ಒಂದು ಸೂಪರ್ ಮಾರ್ಕೆಟ್‌ನೊಂದಿಗೆ ಎಂಟು ತಿಂಗಳು

ನಮ್ಮದು ಐದು ಜನರ ಮನೆ: ನಾವಿಬ್ಬರು, ಅತ್ತೆಯವರು ಮತ್ತು ಪ್ರೌಢಶಾಲೆಗೆ ಹೋಗುವ ಇಬ್ಬರು ಮಕ್ಕಳು. 2025ರ ಜುಲೈನಲ್ಲಿ ಮಗಳ ಟ್ಯೂಷನ್ ಶುಲ್ಕಕ್ಕೆ ಹಣ ಹೊಂದಿಸಬೇಕಾಗಿ ಬಂದಾಗ ಮನೆಯ ಖರ್ಚನ್ನು ಮೊದಲ ಬಾರಿಗೆ ಸಾಲು ಸಾಲಾಗಿ ಬರೆದು ನೋಡಿದೆವು. ದಿನಸಿ, ತರಕಾರಿ, ಹಾಲು, ಸೋಪು ಇವೆಲ್ಲ ಸೇರಿ ತಿಂಗಳಿಗೆ 13,200 ರೂಪಾಯಿ ಆಗುತ್ತಿತ್ತು. ಬೇರೆ ಯಾವ ಖರ್ಚನ್ನೂ ಕಡಿಮೆ ಮಾಡುವ ಹಾಗಿರಲಿಲ್ಲವಾದ್ದರಿಂದ, ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿರುವ ಸೂಪರ್ ಮಾರ್ಕೆಟ್‌ನ ವಾರದ ರಿಯಾಯಿತಿಗಳನ್ನು ನೋಡಿಕೊಂಡು ಅಡುಗೆ ನಿರ್ಧರಿಸುವುದೆಂದು ತೀರ್ಮಾನಿಸಿದೆ. ಫೆಬ್ರುವರಿಯವರೆಗಿನ ಎಂಟು ತಿಂಗಳ ಬಿಲ್ಲುಗಳು ನನ್ನ ಬಳಿ ಇವೆ. ಅಂಗಡಿಯ ಹೆಸರನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ. ಅಲ್ಲಿ ಕಂಡ ಗುಣದೋಷಗಳು ಇಂಥ ಯಾವ ಅಂಗಡಿಗೆ ಹೋದರೂ ಪರೀಕ್ಷಿಸಿ ನೋಡಬೇಕಾದವು.

ಅಂಗಡಿಯವರು ಪ್ರತಿ ಗುರುವಾರ ಸಂಜೆ ಮೊಬೈಲಿಗೆ ರಿಯಾಯಿತಿ ಪಟ್ಟಿಯನ್ನು ಕಳುಹಿಸುತ್ತಾರೆ. ಆ ದರಗಳು ಶುಕ್ರವಾರದಿಂದ ಭಾನುವಾರದವರೆಗೆ ಇರುತ್ತವೆ. ತಿಂಗಳ ಮೊದಲ ವಾರ, ಅಂದರೆ ಸಂಬಳ ಬರುವ ಹೊತ್ತಿಗೆ, ಪಟ್ಟಿ ಉದ್ದವಾಗಿರುತ್ತದೆ. ಬೇಳೆ, ಎಣ್ಣೆ, ರವೆ, ಅವಲಕ್ಕಿ, ಸಕ್ಕರೆ, ಸೋಪು ಸರದಿಯಂತೆ ಬರುತ್ತವೆ. ಬಿಸ್ಕತ್ತು, ನೂಡಲ್ಸ್, ತಂಪು ಪಾನೀಯ ಮಾತ್ರ ಪ್ರತಿ ವಾರವೂ ಇದ್ದೇ ಇರುತ್ತವೆ.

ಮೊದಲ ಎರಡು ತಿಂಗಳು ನಮ್ಮ ಖರ್ಚು ಕಡಿಮೆಯಾಗಲಿಲ್ಲ, ಬದಲಿಗೆ ಹೆಚ್ಚಿತು. ಒಂದು ಕೊಂಡರೆ ಒಂದು ಉಚಿತ ಎಂದು ತಂದ ನಾಲ್ಕು ಕಿಲೋ ಚಿರೋಟಿ ರವೆ ಮಳೆಗಾಲದ ತೇವಕ್ಕೆ ಹುಳು ಹಿಡಿಯಿತು. ಅರ್ಧ ದರಕ್ಕೆ ತಂದ ಓಟ್ಸನ್ನು ಮನೆಯಲ್ಲಿ ಯಾರೂ ತಿನ್ನಲಿಲ್ಲ. ಆಹಾರ ಎಸೆಯುವುದನ್ನು ಕಂಡರೆ ಅತ್ತೆಯವರಿಗೆ ತುಂಬ ಸಂಕಟ. ‘ಕಮ್ಮಿಗೆ ಸಿಕ್ತು ಅಂತ ತರಬೇಡಮ್ಮ, ಯಾವತ್ತು ಏನು ಬೇಯಿಸ್ತೀಯ ಅಂತ ಮೊದಲು ಹೇಳು’ ಎಂದರು. ನನ್ನ ಕ್ರಮ ಬದಲಾದದ್ದು ಆ ಮಾತಿನಿಂದ. ಈಗ ಗುರುವಾರ ರಾತ್ರಿ ಪಟ್ಟಿ ಬಂದ ಕೂಡಲೇ ಡಬ್ಬಗಳನ್ನು ತೆರೆದು ಮನೆಯಲ್ಲಿ ಏನು ಉಳಿದಿದೆ ಎಂದು ನೋಡುತ್ತೇನೆ. ಅನಂತರ ಏಳು ದಿನದ ತಿಂಡಿ, ಊಟ ಮತ್ತು ಮಕ್ಕಳ ಸಂಜೆಯ ತಿನಿಸನ್ನು ಬರೆದು, ಅದರಲ್ಲಿ ಹೆಸರು ಬಂದ ಪದಾರ್ಥಗಳನ್ನು ಮಾತ್ರ ಚೀಟಿಗೆ ಇಳಿಸುತ್ತೇನೆ. ಚೀಟಿಯಲ್ಲಿ ಇಲ್ಲದ ವಸ್ತು ಎಷ್ಟೇ ಅಗ್ಗವಾಗಿದ್ದರೂ ಬುಟ್ಟಿಗೆ ಬರುವುದಿಲ್ಲ.

ಈ ಅಂಗಡಿಯ ದರಫಲಕಗಳು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿಯೂ ಇರುವುದು ನನಗೆ ಮೆಚ್ಚುಗೆಯಾದ ಸಂಗತಿ. ಆದರೆ ರಿಯಾಯಿತಿಯನ್ನು ಲೆಕ್ಕ ಹಾಕುವುದು ಎಂಆರ್‌ಪಿಯ ಮೇಲೆ. ಎಂಆರ್‌ಪಿ ಎಂದರೆ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂಬ ಗರಿಷ್ಠ ಮಿತಿಯೇ ಹೊರತು ಅದು ಪೇಟೆಯ ದರವಲ್ಲ. ನಮ್ಮ ಬೀದಿಯ ದಿನಸಿ ಅಂಗಡಿಯ ಶೆಟ್ಟರು ಯಾವ ಫಲಕವನ್ನೂ ಹಾಕದೆ ಸದಾ ಅದಕ್ಕಿಂತ ಕಡಿಮೆಗೇ ಕೊಡುತ್ತಾರೆ. ಹಾಗಾಗಿ ನಾನು ಒಂದು ನೋಟ್ ಪುಸ್ತಕದಲ್ಲಿ ನಾವು ಪದೇ ಪದೇ ಕೊಳ್ಳುವ 22 ಪದಾರ್ಥಗಳ ಹೆಸರು ಬರೆದು, ಪ್ರತಿಯೊಂದರ ಎದುರಿಗೆ ಶೆಟ್ಟರ ದರವನ್ನೂ ಸೂಪರ್ ಮಾರ್ಕೆಟ್‌ನ ದರವನ್ನೂ ದಿನಾಂಕದೊಂದಿಗೆ ಗುರುತು ಹಾಕತೊಡಗಿದೆ. ಮೂರು ತಿಂಗಳಲ್ಲಿ ಒಂದು ಲಯ ಕಾಣಿಸಿತು. ಈ ಅಂಗಡಿಯಲ್ಲಿ ತೊಗರಿಬೇಳೆಗೆ ನಿಜವಾದ ಇಳಿಕೆ ಐದಾರು ವಾರಕ್ಕೊಮ್ಮೆ ಬರುತ್ತದೆ. ನಮಗೆ ತಿಂಗಳಿಗೆ ಮೂರು ಕಿಲೋ ಬೇಕು. ಆದ್ದರಿಂದ ಇಳಿದ ವಾರದಲ್ಲಿ ನಾಲ್ಕೂವರೆ ಕಿಲೋ ತಂದರೆ ಮುಂದಿನ ಇಳಿಕೆಯವರೆಗೆ ಸಾಕಾಗುತ್ತದೆ, ಅದಕ್ಕಿಂತ ಹೆಚ್ಚು ತರುವ ಅಗತ್ಯವೇ ಇಲ್ಲ. ತಂದ ಬೇಳೆಯನ್ನು ಅತ್ತೆಯವರು ಒಂದು ದಿನ ಬಿಸಿಲಿಗೆ ಹರವಿ, ಕಿಲೋಗೆ ಒಂದು ಚಮಚದಷ್ಟು ಹರಳೆಣ್ಣೆ ಸವರಿ ಡಬ್ಬಕ್ಕೆ ತುಂಬುತ್ತಾರೆ. ಆಮೇಲೆ ಹುಳುವಿನ ತೊಂದರೆ ಬಂದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್‌ಗಳ ಜಿಎಸ್‌ಟಿ ಶೇಕಡ 18ರಿಂದ 5ಕ್ಕೆ, ತುಪ್ಪ ಬೆಣ್ಣೆಗಳದ್ದು 12ರಿಂದ 5ಕ್ಕೆ ಇಳಿದಾಗ ಪುಸ್ತಕದ ಆ ಸಾಲುಗಳನ್ನು ಹೊಸದಾಗಿ ಬರೆಯಬೇಕಾಯಿತು. ಹಳೆಯ ದರದೊಂದಿಗೆ ಹೋಲಿಸಿದ್ದರೆ ತೆರಿಗೆ ಇಳಿದದ್ದನ್ನೇ ಅಂಗಡಿಯ ರಿಯಾಯಿತಿ ಎಂದು ಎಣಿಸುತ್ತಿದ್ದೆ.

ಎಣ್ಣೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅದರ ಪಕ್ಕದಲ್ಲೇ, ನೋಡಲು ಅಷ್ಟೇ ದೊಡ್ಡದಾದ, 850 ಗ್ರಾಂ ತುಂಬಿದ ಪೊಟ್ಟಣವನ್ನು ಇಟ್ಟಿರುತ್ತಾರೆ. 910 ಗ್ರಾಂಗೆ 150 ರೂಪಾಯಿ, 850 ಗ್ರಾಂಗೆ 144 ರೂಪಾಯಿ ಎಂದು ಬರೆದಿದ್ದರೆ ಎರಡನೆಯದು ಆರು ರೂಪಾಯಿ ಅಗ್ಗವೆಂದು ಕೈ ಅತ್ತ ಹೋಗುತ್ತದೆ. ಕಿಲೋ ಲೆಕ್ಕ ಹಾಕಿದರೆ ಮೊದಲನೆಯದು 165 ರೂಪಾಯಿ, ಎರಡನೆಯದು 169 ರೂಪಾಯಿಗೂ ಹೆಚ್ಚು. ಈಗ ಪೊಟ್ಟಣಗಳ ಮೇಲೆ ಎಂಆರ್‌ಪಿಯ ಜೊತೆಗೆ ಗ್ರಾಂಗೆ ಅಥವಾ ಕಿಲೋಗೆ ಎಷ್ಟು ಎಂಬ ಬಿಡಿ ದರವನ್ನೂ ಮುದ್ರಿಸಿರುತ್ತಾರೆ. ಅಕ್ಷರ ಸಣ್ಣದಿರುತ್ತದೆ, ಆದರೂ ಓದಬೇಕು. ಅದು ಎಂಆರ್‌ಪಿಯನ್ನು ಆಧರಿಸಿದ ದರವಾದ್ದರಿಂದ ರಿಯಾಯಿತಿ ಇದ್ದಾಗ ನಾವೇ ಭಾಗಿಸಿ ನೋಡುವುದು ಅನಿವಾರ್ಯ. ಮಗಳು ಈ ಕೆಲಸವನ್ನು ಮೊಬೈಲಿನಲ್ಲಿ ಕ್ಷಣದಲ್ಲಿ ಮಾಡಿ ಹೇಳುತ್ತಾಳೆ, ಅವಳನ್ನು ಕರೆದುಕೊಂಡು ಹೋಗುವುದೇ ಒಂದು ಅನುಕೂಲ.

ಇನ್ನು ಅಡುಗೆಯ ಮಾತು. ಬೇಳೆ ಇಳಿದ ವಾರ ನಮ್ಮಲ್ಲಿ ಎರಡು ದಿನ ಬಸ್ಸಾರು, ಒಂದು ದಿನ ಮಸ್ಸೊಪ್ಪು ಖಚಿತ. ತೊಗರಿಬೇಳೆಯೊಂದಿಗೆ ದಂಟಿನ ಸೊಪ್ಪನ್ನು ಬೇಯಿಸಿ, ಕಟ್ಟನ್ನು ಬಸಿದು, ಅದಕ್ಕೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಸ್ವಲ್ಪ ಕಾಯಿ, ಹುಣಸೆಹಣ್ಣು ರುಬ್ಬಿ ಹಾಕಿದರೆ ಸಾರು. ಉಳಿದ ಬೇಳೆ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಎರಡು ಪದಾರ್ಥ. ಮುದ್ದೆಗೆ ಸಾರು ಖರ್ಚಾಗುತ್ತದೆ, ಉಳಿದ ಪಲ್ಯವನ್ನು ಮರುದಿನ ಬೆಳಿಗ್ಗೆ ರಾಗಿ ಹಿಟ್ಟಿಗೆ ಕಲಸಿ ರೊಟ್ಟಿ ತಟ್ಟುತ್ತೇನೆ. ಕಡಲೆಕಾಳು ರಿಯಾಯಿತಿಗೆ ಬಂದರೆ ಭಾನುವಾರ ರಾತ್ರಿ ಅರ್ಧ ಕಿಲೋ ನೆನೆಹಾಕಿ, ಸೋಮವಾರ ಸಂಜೆ ಮಕ್ಕಳಿಗೆ ಗುಗ್ಗರಿ ಮಾಡಿ, ಉಳಿದದ್ದನ್ನು ಮಂಗಳವಾರ ಬದನೆಕಾಯಿಯೊಂದಿಗೆ ಹುಳಿಗೆ ಹಾಕುತ್ತೇನೆ. ಮಕ್ಕಳು ಶಾಲೆಯಿಂದ ಬಂದ ಕೂಡಲೇ ಬೇಕರಿಗೆ ಹೋಗುತ್ತಿದ್ದುದು ಈ ಗುಗ್ಗರಿಯಿಂದಾಗಿ ಬಹಳ ಕಡಿಮೆಯಾಗಿದೆ; ತಿಂಗಳಿಗೆ 600 ರೂಪಾಯಿಗೆ ಕಡಿಮೆಯಿಲ್ಲದಂತೆ ಅಲ್ಲೇ ಉಳಿಯಿತು. ಅವಲಕ್ಕಿ ಅಗ್ಗವಾದ ವಾರ ಮೂರು ದಿನ ಅವಲಕ್ಕಿ ಮಾಡುವುದು ಸರಿಯಲ್ಲ, ಮನೆಯವರಿಗೆ ಬೇಸರ ಬಂದರೆ ಹೋಟೆಲಿನ ಕಡೆ ಮನಸ್ಸು ಹರಿಯುತ್ತದೆ ಎಂಬುದನ್ನೂ ಅನುಭವದಿಂದ ಕಲಿತೆ. ವಾರಕ್ಕೆ ಒಂದು ಪದಾರ್ಥವನ್ನು ಎರಡು ಸಲ, ಬೇರೆ ಬೇರೆ ರೂಪದಲ್ಲಿ, ಅಷ್ಟೇ.

ಡಿಸೆಂಬರ್ ಜನವರಿಯಲ್ಲಿ ಅವರೆಕಾಯಿ ಬಂದ ಮೇಲೆ ಅಂಗಡಿಯ ಪಟ್ಟಿಯನ್ನು ಬಹುಮಟ್ಟಿಗೆ ಬದಿಗಿಟ್ಟೆ. ಸೊಗಡಿನ ಅವರೆಯ ಸಾರು, ಅವರೆಕಾಳು ಉಪ್ಪಿಟ್ಟು, ಅಕ್ಕಿ ರೊಟ್ಟಿ, ಹಬ್ಬದ ದಿನ ಹಿದುಕಿದ ಬೇಳೆ ಎಂದು ಆ ಆರೇಳು ವಾರ ತೊಗರಿಬೇಳೆಯ ಬಳಕೆ ಅರ್ಧಕ್ಕೆ ಇಳಿಯಿತು. ಯಾವ ಅಂಗಡಿಯೂ ಕೊಡಲಾಗದ ರಿಯಾಯಿತಿಯನ್ನು ಈ ಸೀಮೆಯ ಋತು ಕೊಡುತ್ತದೆ.

ತರಕಾರಿಯ ವಿಭಾಗಕ್ಕೆ ನಾನು ಒಳ್ಳೆಯ ಮಾತು ಹೇಳಲಾರೆ. ಪ್ಲಾಸ್ಟಿಕ್ ಸುತ್ತಿದ ಬೀನ್ಸ್ ಎರಡು ಸಲ ಒಳಗೆ ಕೊಳೆತಿತ್ತು, ಸೊಪ್ಪು ಸಂಜೆಯ ಹೊತ್ತಿಗೆ ಬಾಡಿರುತ್ತದೆ, ದರವೂ ಹೊರಗಿಗಿಂತ ಹೆಚ್ಚು. ಸುತ್ತಲೂ ತರಕಾರಿ ಬೆಳೆಯುವ ಜಿಲ್ಲೆಯಲ್ಲಿದ್ದು ಗಾಜಿನ ಪೆಟ್ಟಿಗೆಯಿಂದ ಟೊಮೆಟೊ ಕೊಳ್ಳುವುದು ನನ್ನ ಮನಸ್ಸಿಗೆ ಒಪ್ಪುವುದೂ ಇಲ್ಲ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು. ಹರಾಜು ನಡೆಯುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. ದರ ಇಳಿದಾಗ ನಮ್ಮ ಬೀದಿಯ ಮೂರು ಮನೆಯವರು ಸೇರಿ ಒಂದು ಬಾಕ್ಸ್ ತರಿಸಿ ಹಂಚಿಕೊಳ್ಳುತ್ತೇವೆ. ಆ ವಾರ ಟೊಮೆಟೊ ಗೊಜ್ಜು, ಟೊಮೆಟೊ ಬಾತ್ ಮಾಡಿ, ಮಿಕ್ಕ ಹಣ್ಣಿನಿಂದ ಎಣ್ಣೆ ಮೇಲೆ ತೇಲುವವರೆಗೆ ಕುದಿಸಿದ ತೊಕ್ಕು ಮಾಡಿಟ್ಟರೆ ದರ ಏರಿದ ವಾರಕ್ಕೆ ಒದಗುತ್ತದೆ. 2023ರ ಜುಲೈನಲ್ಲಿ ಇದೇ ಮಾರುಕಟ್ಟೆಯಲ್ಲಿ ಬಾಕ್ಸಿನ ದರ 2,000 ರೂಪಾಯಿ ದಾಟಿದಾಗ ಎಷ್ಟೋ ಮನೆಗಳಲ್ಲಿ ಹುಣಸೆಹಣ್ಣಿನಿಂದಲೇ ಸಾರು ಆಯಿತು.

ಈ ಲೆಕ್ಕ ಬರೆಯುವಾಗ ಒಂದು ಮಾತು ಮನಸ್ಸನ್ನು ಚುಚ್ಚುತ್ತದೆ. ನನಗೆ ಅಗ್ಗವಾಗಿ ಸಿಕ್ಕ ವಾರ ಬೆಳೆದವರಿಗೆ ಕಿತ್ತ ಕೂಲಿಯೂ ಹುಟ್ಟಿರುವುದಿಲ್ಲ. ಕೊಳ್ಳುವವರಿಲ್ಲದೆ ಹಣ್ಣನ್ನು ರಸ್ತೆಯ ಬದಿಗೆ ಸುರಿದು ಹೋದದ್ದನ್ನು ಈ ಜಿಲ್ಲೆಯವರೆಲ್ಲ ಕಂಡಿದ್ದಾರೆ. ನಮ್ಮ ತವರಿನಲ್ಲೂ ಟೊಮೆಟೊ ಇಡುತ್ತಾರೆ. ಆದ್ದರಿಂದ ದರ ಬಿದ್ದ ವಾರ ನಾನು ಚೌಕಾಸಿ ಮಾಡುವುದಿಲ್ಲ, ಅಡುಗೆಯಲ್ಲಿ ಟೊಮೆಟೊದ ಪಾಲನ್ನು ಹೆಚ್ಚಿಸಿ ಎಂದಿಗಿಂತ ಹೆಚ್ಚು ಕೊಳ್ಳುತ್ತೇನೆ.

ರಾಗಿ ಮತ್ತು ಅಕ್ಕಿಯನ್ನೂ ಸೂಪರ್ ಮಾರ್ಕೆಟ್‌ನಿಂದ ತರುವುದಿಲ್ಲ. ಕೇಂದ್ರ ಸರ್ಕಾರವು 2025–26ರ ಸಾಲಿಗೆ ರಾಗಿಗೆ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಅಂದರೆ ಕಿಲೋಗೆ 49 ರೂಪಾಯಿಯ ಒಳಗೆ. ಅಂಗಡಿಯಲ್ಲಿ ಒಂದು ಕಿಲೋ ರಾಗಿ ಹಿಟ್ಟಿನ ಪೊಟ್ಟಣ ರಿಯಾಯಿತಿಯ ವಾರದಲ್ಲೂ 60 ರೂಪಾಯಿಗೆ ಇಳಿದದ್ದನ್ನು ನಾನು ನೋಡಿಲ್ಲ. ಸುಗ್ಗಿ ಮುಗಿದ ಮೇಲೆ ತವರಿನ ಕಡೆಯವರಿಂದ, ಬೆಂಬಲ ಬೆಲೆಗಿಂತ ತುಸು ಹೆಚ್ಚೇ ಕೊಟ್ಟು, ಒಂದು ಕ್ವಿಂಟಲ್ ತಂದಿದ್ದೇವೆ. ರಾಗಿ ಕೆಡದೆ ಬಹುಕಾಲ ಉಳಿಯುವ ಧಾನ್ಯವಾದ್ದರಿಂದ ತಿಂಗಳಿಗೆ ಎಂಟು ಕಿಲೋದಂತೆ ಮಿಲ್ಲಿಗೆ ಹಾಕಿಸಿಕೊಂಡರೆ ವರ್ಷವಿಡೀ ಬರುತ್ತದೆ. ಅಕ್ಕಿಗೆ ಶೆಟ್ಟರ ಅಂಗಡಿಯ 26 ಕಿಲೋ ಮೂಟೆ. ಈ ವಿಚಿತ್ರ ತೂಕಕ್ಕೆ ಕಾರಣವಿದೆ: 2022ರ ಜುಲೈ 18ರಿಂದ, ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಗಳಿಗೆ ಶೇಕಡ 5 ಜಿಎಸ್‌ಟಿ ಇದೆ, ಅದಕ್ಕಿಂತ ದೊಡ್ಡ ಮೂಟೆಗೂ ಬಿಡಿಯಾಗಿ ತೂಗಿ ಕೊಡುವುದಕ್ಕೂ ಇಲ್ಲ. ಹಾಲಿನಲ್ಲಿ ಉಳಿಸಲು ಏನೂ ಇಲ್ಲ. 2025ರ ಏಪ್ರಿಲ್ 1ರಂದು ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದ ಮೇಲೆ ಹೊರಗಿನಿಂದ ಮೊಸರು ತರುವುದನ್ನು ಬಿಟ್ಟು ಮನೆಯಲ್ಲೇ ಹೆಪ್ಪು ಹಾಕುತ್ತಿದ್ದೇನೆ.

ಅಂಗಡಿಯ ದೊಡ್ಡ ದೋಷ ಬಿಲ್ಲಿಂಗ್ ಕೌಂಟರಿನಲ್ಲಿದೆ. ನನ್ನ ಬಳಿ ಇರುವ 31 ಬಿಲ್ಲುಗಳಲ್ಲಿ ನಾಲ್ಕರಲ್ಲಿ ಫಲಕದ ರಿಯಾಯಿತಿ ದರ ಬಿಲ್ಲಿಗೆ ಬಂದಿರಲಿಲ್ಲ. ಒಮ್ಮೆ ಎರಡು ಕಿಲೋ ಬೇಳೆಗೆ 46 ರೂಪಾಯಿ ಹೆಚ್ಚು ತೆಗೆದುಕೊಂಡಿದ್ದರು. ತೋರಿಸಿದ ಕೂಡಲೇ ಮರುಮಾತಿಲ್ಲದೆ ಹಣ ಹಿಂದಿರುಗಿಸಿದರು, ಸಿಬ್ಬಂದಿಯ ನಡವಳಿಕೆ ಸೌಜನ್ಯದ್ದೇ. ಆದರೆ ಬಿಲ್ಲನ್ನು ಇಂಗ್ಲಿಷಿನಲ್ಲಿ, ಮಸುಕಾದ ಶಾಯಿಯಲ್ಲಿ ಕೊಟ್ಟರೆ ಅತ್ತೆಯವರಂಥವರು ಹೇಗೆ ಓದಿ ಕೇಳಬೇಕು? ಪಟ್ಟಿಯಲ್ಲಿದ್ದ ಸಕ್ಕರೆ ಶನಿವಾರ ಮಧ್ಯಾಹ್ನಕ್ಕೇ ಮುಗಿದಿದ್ದೂ ಎರಡು ಸಲ ಆಗಿದೆ. ಈಗ ಶುಕ್ರವಾರ ಸಂಜೆಯೇ ಹೋಗುತ್ತೇನೆ, ಕೌಂಟರ್ ಬಿಡುವ ಮುನ್ನ ಚೀಟಿಯಲ್ಲಿ ಬರೆದುಕೊಂಡ ದರಗಳನ್ನು ಬಿಲ್ಲಿನೊಂದಿಗೆ ತಾಳೆ ನೋಡುತ್ತೇನೆ.

ಅಕ್ಟೋಬರ್‌ನಿಂದ ಫೆಬ್ರುವರಿಯವರೆಗಿನ ಐದು ತಿಂಗಳ ಸರಾಸರಿ ಖರ್ಚು 10,900 ರೂಪಾಯಿ. ತಿಂಗಳಿಗೆ ಉಳಿದ 2,300ರಲ್ಲಿ ಅಂಗಡಿಯ ರಿಯಾಯಿತಿಯಿಂದ ನೇರವಾಗಿ ಬಂದದ್ದು ಸುಮಾರು 800 ರೂಪಾಯಿ ಮಾತ್ರ ಎಂದು ನನ್ನ ಪುಸ್ತಕ ಹೇಳುತ್ತದೆ. ಉಳಿದದ್ದು ಕೊಳೆಯದ ತರಕಾರಿಯಿಂದ, ವಾರದ ನಡುವೆ ಅಂಗಡಿಗೆ ಓಡುವುದು ತಪ್ಪಿದ್ದರಿಂದ, ಬೇಕರಿ ಹೋಟೆಲುಗಳ ಖರ್ಚು ಇಳಿದದ್ದರಿಂದ, ರಾಗಿಯನ್ನು ಒಟ್ಟಿಗೆ ಕೊಂಡದ್ದರಿಂದ ಬಂತು. ಆದ್ದರಿಂದ ಬೇಳೆ, ಎಣ್ಣೆ, ಸಕ್ಕರೆ, ಸೋಪು ಈ ನಾಲ್ಕಕ್ಕೆ ಈ ಅಂಗಡಿಯನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ತಿಂಗಳ ಎಲ್ಲ ಸಾಮಾನನ್ನೂ ಅಲ್ಲೇ ಕೊಳ್ಳುವವರಿಗೆ ಉಳಿತಾಯವಾಗುವುದು ಕಷ್ಟ. ಒಬ್ಬರೇ ಇರುವವರಿಗೂ ಎರಡು ಕಿಲೋ, ಐದು ಕಿಲೋ ಪೊಟ್ಟಣಗಳ ಮೇಲಿನ ರಿಯಾಯಿತಿ ಉಪಯೋಗಕ್ಕೆ ಬರುವುದಿಲ್ಲ.

ಬಾಗಿಲ ಬಳಿ ಇಟ್ಟಿರುವ ಸಲಹಾ ಪುಸ್ತಕದಲ್ಲಿ ಎರಡು ಕೋರಿಕೆ ಬರೆದು ಬಂದಿದ್ದೇನೆ: ಪಟ್ಟಿಯನ್ನು ಬುಧವಾರವೇ ಕಳುಹಿಸಬೇಕು, ಬಿಲ್ಲನ್ನು ಕನ್ನಡದಲ್ಲಿ ಕೊಡಬೇಕು. ಮೊದಲನೆಯದನ್ನು ಒಪ್ಪಿಕೊಂಡಿರುವುದಾಗಿ ವ್ಯವಸ್ಥಾಪಕರು ಕಳೆದ ಶುಕ್ರವಾರ ತಿಳಿಸಿದರು. ಎರಡನೆಯದಕ್ಕೆ ಉತ್ತರ ಬಂದಿಲ್ಲ. ಮುಂದಿನ ವಾರ ಹೋದಾಗ ಮತ್ತೆ ಕೇಳುತ್ತೇನೆ.