ಸರಸ್ವತಿಪುರಂನ ಶನಿವಾರದ ಇತಿಹಾಸ ಕ್ಲಾಸ್: ಮೂರನೇ ರಿಚರ್ಡ್ ಬ್ಯಾಚ್ ಹೇಗಿತ್ತು

ಮೈಸೂರಲ್ಲಿ ಯೋಗ, ವೀಣೆ, ಅಬಾಕಸ್, ಸ್ಪೋಕನ್ ಇಂಗ್ಲಿಷ್ ಎಲ್ಲದಕ್ಕೂ ಕ್ಲಾಸ್ ಇದೆ, ಆದ್ರೆ ಕೆಲಸಕ್ಕೆ ಹೋಗೋರಿಗೆ, ರಿಟೈರ್ ಆದೋರಿಗೆ ಅಂತ ಇತಿಹಾಸ ಹೇಳಿಕೊಡೋ ಜಾಗ ಹುಡುಕಿದ್ರೂ ಸಿಗಲ್ಲ. ಸಿಕ್ಕಿದ ಒಂದು ಜಾಗದ ಬಗ್ಗೆ ಸರಿಯಾಗಿ ಬರೀಬೇಕು ಅಂತ ಇದನ್ನ ಸ್ವಲ್ಪ ಉದ್ದಾನೇ ಬರೀತಿದೀನಿ. ಸರಸ್ವತಿಪುರಂ ಫೈರ್ ಬ್ರಿಗೇಡ್ ಹತ್ರ ಒಂದು ಹಳೇ ಮನೆ, ಮೊದಲನೇ ಮಹಡಿ ಹಾಲು, ರಿಟೈರ್ಡ್ ಹಿಸ್ಟರಿ ಲೆಕ್ಚರರ್ ಒಬ್ರು ನಡೆಸ್ತಾರೆ. ನಾಲ್ಕು ಶನಿವಾರ, ಸಂಜೆ 5ರಿಂದ 7, ಫೀಸು 1,200 ರೂಪಾಯಿ, ಸ್ಟೂಡೆಂಟ್ಸ್‌ಗೆ ಅರ್ಧ. ಬೋರ್ಡಿಲ್ಲ, ಹೆಸರಿಲ್ಲ, ಎಲ್ರೂ ಮೇಷ್ಟ್ರ ಕ್ಲಾಸ್ ಅಂತಾರೆ ಅಷ್ಟೇ. ಒಂದೊಂದು ಬ್ಯಾಚಿಗೆ ಒಂದೇ ವಿಷಯ, ಈ ಸಲ ಇಂಗ್ಲೆಂಡಿನ ಮೂರನೇ ರಿಚರ್ಡ್.

ಇಂಗ್ಲೆಂಡ್ ರಾಜನ ಕತೆ ಕಟ್ಕೊಂಡು ನಮಗೇನಾಗ್ಬೇಕು ಅಂತ ಮನೇಲೂ ಕೇಳಿದ್ರು. ಡಿಗ್ರೀಲಿ ಇಂಗ್ಲಿಷ್ ಓದಿದವರಿಗೆಲ್ಲ ಈ ರಿಚರ್ಡ್ ಗೊತ್ತಿರ್ತಾನೆ, ಶೇಕ್ಸ್‌ಪಿಯರ್ ನಾಟಕದ ಗೂನು ಬೆನ್ನಿನ, ಕೈ ಸೊರಗಿದ, ಅಣ್ಣನ ಮಕ್ಕಳನ್ನ ಕೊಲ್ಲಿಸಿ ಸಿಂಹಾಸನ ಹತ್ತಿದ, ಕೊನೆಗೆ ಯುದ್ಧದಲ್ಲಿ ಕುದುರೆ ಕೊಡ್ರಪ್ಪಾ ರಾಜ್ಯನೇ ಕೊಡ್ತೀನಿ ಅಂತ ಕೂಗಿದ ಮನುಷ್ಯ. ಅವನ ವಿಷಯದಲ್ಲಿ ಒಂದು ವಿಶೇಷ ಏನಂದ್ರೆ, ಸತ್ತು ಐನೂರು ವರ್ಷದ ಮೇಲೆ ಅವನ ಅಸ್ಥಿಪಂಜರನೇ ಸಿಕ್ತು. ಕತೆ ಎಷ್ಟು ನಿಜ ಅಂತ ಮೂಳೆ ಇಟ್ಕೊಂಡು ನೋಡೋ ಅವಕಾಶ ಎಷ್ಟು ರಾಜರ ವಿಷಯದಲ್ಲಿ ಸಿಗುತ್ತೆ ಹೇಳಿ. ಮೇಷ್ಟ್ರು ಅವನನ್ನ ಆರಿಸಿಕೊಂಡಿದ್ದು ಅದಕ್ಕೇ.

ಆದ್ರೆ ಮೊದಲನೇ ದಿನ ಶುರು ಮಾಡಿದ್ದು ರಿಚರ್ಡಿಂದ ಅಲ್ಲ, ಅಲಮೇಲಮ್ಮನಿಂದ. ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗೆ ಮಕ್ಕಳಿಲ್ಲದೆ ಹೋಗಲಿ, ಇದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ. ಶಾಪ ನಿಜಾನಾ ಸುಳ್ಳಾ ಅಂತ ಅವರು ಕೇಳಲಿಲ್ಲ, ಈ ಕತೇಲಿ ಖಂಡಿತವಾಗಿ ಗೊತ್ತಿರೋದು ಯಾವುದು, ಆಮೇಲೆ ಸೇರಿದ್ದು ಯಾವುದು ಇರಬಹುದು, ಅಂತ ಕೇಳಿದ್ರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡಿದ್ದು ಗೊತ್ತು. ತಲಕಾಡಿನ ದೇವಸ್ಥಾನಗಳು ಮರಳಲ್ಲಿ ಹೂತಿದ್ದು ಕಣ್ಣಾರೆ ನೋಡಿದೀವಿ, ಅದಕ್ಕೆ ಕಾವೇರಿ ತಿರುವು, ಗಾಳಿ, ಮೇಲ್ಗಡೆ ಕಟ್ಟಿದ ಅಣೆಕಟ್ಟೆ ಅಂತ ಭೂವಿಜ್ಞಾನದೋರು ಕಾರಣ ಹೇಳ್ತಾರೆ. ಇವೆರಡನ್ನ ಜೋಡಿಸಿರೋದು ಶಾಪ. ಹಾಲಲ್ಲಿ ಕೂತಿದ್ದ ಒಬ್ಬ ಅಮ್ಮನಿಗೆ ಸ್ವಲ್ಪ ಬೇಜಾರಾಯ್ತು, ಅವರದ್ದು ತಲಕಾಡಿನ ಕಡೆ ಊರಂತೆ, ಮೇಷ್ಟ್ರು ಅವರ ಹತ್ರ ತುಂಬಾ ಮರ್ಯಾದೆಯಿಂದ ಮಾತಾಡಿದ್ರು, ನಿಮ್ಮ ನಂಬಿಕೆ ಬಿಡಿ ಅಂತಿಲ್ಲಮ್ಮ, ಯಾವುದನ್ನ ಯಾವ ಕಡೆ ಇಡಬೇಕು ಅಂತ ನೋಡೋಣ ಅಂದ್ರು. ಆವಾಗ್ಲೇ ಬೋರ್ಡ್ ಮೇಲೆ ಮೂರು ಕಾಲಂ ಎಳೆದ್ರು. ಗೊತ್ತಿರೋದು, ಸುಳ್ಳು ಅಂತ ಸಾಬೀತಾಗಿರೋದು, ಗೊತ್ತಿಲ್ಲದೇ ಇರೋದು. ಕೊನೇ ಕ್ಲಾಸ್‌ವರೆಗೂ ಆ ಮೂರು ಕಾಲಂ ಅಳಿಸಲೇ ಇಲ್ಲ, ಇಡೀ ಕೋರ್ಸ್ ನಡೆದಿದ್ದೇ ಅದರ ಮೇಲೆ.

ರಿಚರ್ಡ್ ಕತೆಯ ಹಂದರ ಬೇಗ ಮುಗಿಸಿದ್ರು. 1452ರಲ್ಲಿ ಹುಟ್ಟು. ಅಣ್ಣ ನಾಲ್ಕನೇ ಎಡ್ವರ್ಡ್ 1483ರ ಏಪ್ರಿಲ್‌ನಲ್ಲಿ ತೀರ್ಕೊಂಡ, ಮಗ ಐದನೇ ಎಡ್ವರ್ಡ್‌ಗೆ ಆಗ 12 ವರ್ಷ. ಚಿಕ್ಕಪ್ಪ ರಿಚರ್ಡ್ ಮೊದಲು ಹುಡುಗನ ಪರವಾಗಿ ಆಡಳಿತ ನೋಡ್ಕೊಳೋನು, ಆಮೇಲೆ ಅಣ್ಣನ ಮದುವೇನೇ ಊರ್ಜಿತ ಅಲ್ಲ, ಮಕ್ಕಳಿಗೆ ಹಕ್ಕಿಲ್ಲ ಅನ್ನೋ ವಾದದ ಮೇಲೆ ಜೂನ್ ಕೊನೇಲಿ ತಾನೇ ರಾಜ. 1485ರ ಆಗಸ್ಟ್ 22ಕ್ಕೆ ಬಾಸ್ವರ್ತ್ ಯುದ್ಧದಲ್ಲಿ ಹೆನ್ರಿ ಟ್ಯೂಡರ್ ಎದುರು ಸತ್ತ, ವಯಸ್ಸು 32. ಯುದ್ಧದಲ್ಲಿ ಸತ್ತ ಕೊನೇ ಇಂಗ್ಲಿಷ್ ರಾಜ ಅವನೇ.

ಅಲ್ಲಿಂದ ಮುಂದೆ ಮೇಷ್ಟ್ರು ನಮಗೇ ಕೆಲಸ ಕೊಟ್ರು, ನನಗೆ ಕೋರ್ಸಲ್ಲಿ ಇಷ್ಟ ಆಗಿದ್ದು ಇದು. ಒಂದು ಕ್ಸೆರಾಕ್ಸ್ ಹಾಳೆ, ಅದರಲ್ಲಿ ರಿಚರ್ಡ್ ಬಗ್ಗೆ ಬರೆದವರ ಹೆಸರು, ಪಕ್ಕದಲ್ಲಿ ಖಾಲಿ ಜಾಗ: ಯಾವಾಗ ಬರೆದ್ರು, ಘಟನೆ ನಡೆದಾಗ ಅವರಿಗೆಷ್ಟು ವಯಸ್ಸು, ಯಾರ ಅನ್ನ ತಿಂತಿದ್ರು. ಥಾಮಸ್ ಮೋರ್ ಹುಟ್ಟಿದ್ದು 1478ರಲ್ಲಿ, ರಿಚರ್ಡ್ ಸತ್ತಾಗ ಆತ 7 ವರ್ಷದ ಹುಡುಗ, ಹುಡುಗಾಗಿದ್ದಾಗ ಸೇವೆ ಮಾಡ್ಕೊಂಡಿದ್ದಿದ್ದು ಜಾನ್ ಮಾರ್ಟನ್ ಮನೇಲಿ, ಆ ಮಾರ್ಟನ್ ರಿಚರ್ಡ್‌ನ ಪಕ್ಕಾ ವಿರೋಧಿ. ಪಾಲಿಡೋರ್ ವರ್ಜಿಲ್ ಇಟಲಿಯವನು, ಇಂಗ್ಲೆಂಡಿಗೆ ಬಂದಿದ್ದೇ 1502ರಲ್ಲಿ, ಬರೆದಿದ್ದು ಗೆದ್ದ ರಾಜನ ಆಶ್ರಯದಲ್ಲಿ. ಶೇಕ್ಸ್‌ಪಿಯರ್ ನಾಟಕ ಬರೆದಿದ್ದು 1590ರ ದಶಕದಲ್ಲಿ, ಸಿಂಹಾಸನದ ಮೇಲಿದ್ದ ಎಲಿಜಬೆತ್ ರಾಣಿ ಯಾರು ಅಂದ್ರೆ ರಿಚರ್ಡ್‌ನ ಸೋಲಿಸಿದ ಅದೇ ಹೆನ್ರಿಯ ಮೊಮ್ಮಗಳು. ಜಾನ್ ರೌಸ್ ಅನ್ನೋನಂತೂ ರಿಚರ್ಡ್ ಬದುಕಿದ್ದಾಗ ಒಳ್ಳೇ ರಾಜ ಅಂತ ಹೊಗಳಿ ಬರೆದು, ಅವನು ಸತ್ತ ಮೇಲೆ ತಾಯಿ ಹೊಟ್ಟೇಲಿ ಎರಡು ವರ್ಷ ಇದ್ದು ಹಲ್ಲು, ಉದ್ದ ಕೂದಲು ಸಮೇತ ಹುಟ್ಟಿದ ಅಂತ ಬರೆದ. ಹಾಳೆ ತುಂಬಿಸ್ತಾ ತುಂಬಿಸ್ತಾ ಹಾಲೆಲ್ಲ ಗದ್ದಲ. ನನ್ನ ಪಕ್ಕದಲ್ಲಿದ್ದ ಪಿಯುಸಿ ಹುಡುಗಿ ಒಂದು ಪ್ರಶ್ನೆ ಕೇಳಿದ್ಲು, ಹಾಗಾದ್ರೆ ರೌಸ್ ಹೇಳಿದ್ದೆಲ್ಲಾ ಸುಳ್ಳಾ ಸರ್ ಅಂತ. ಮೇಷ್ಟ್ರು ಉತ್ತರ ಹೇಳಲಿಲ್ಲ, ಮುಂದಿನ ವಾರ ಮೂಳೇನೇ ಹೇಳುತ್ತೆ ಇರಮ್ಮ ಅಂದ್ರು.

ಎರಡನೇ ಶನಿವಾರ ಮಾತ್ರ ತಪ್ಪಿಸ್ಕೋಬೇಡಿ. ಫಿಜಿಯೋಥೆರಪಿ ಸೆಂಟರಿಂದ ಕೇಳಿ ತಂದ ಪ್ಲಾಸ್ಟಿಕ್ ಬೆನ್ನುಮೂಳೆ, ಕೆಳಗಿಂದ ಮೇಲಕ್ಕೆ ತಂತಿ ಪೋಣಿಸಿರೋದು, ಮೇಜಿನ ಮೇಲೆ ನಿಲ್ಲಿಸಿದ್ರು. ಮೊದಲು ಅದನ್ನ ಮುಂದಕ್ಕೆ ಬಗ್ಗಿಸಿ ತೋರಿಸಿದ್ರು, ಇದು ಗೂನು. ಆಮೇಲೆ ಪಕ್ಕಕ್ಕೆ ತಿರುಚಿದ್ರು, ಇದು ಸ್ಕೋಲಿಯೋಸಿಸ್, ರಿಚರ್ಡ್‌ಗಿದ್ದಿದ್ದು ಇದು, ಹುಟ್ಟಿನಿಂದಲ್ಲ, ಹತ್ತು ವರ್ಷ ದಾಟಿದ ಮೇಲೆ ಬಂದಿರಬೇಕು ಅಂತ ಪರೀಕ್ಷೆ ಮಾಡಿದವರ ಅಭಿಪ್ರಾಯ. ಆಮೇಲೆ ಒಂದು ಹ್ಯಾಂಗರ್ ಸ್ವಲ್ಪ ವಾರೆ ಮಾಡಿ ಅದರ ಮೇಲಕ್ಕೆ ಸಿಕ್ಕಿಸಿ ತಮ್ಮದೇ ಒಂದು ಖಾದಿ ಜುಬ್ಬಾ ತೊಡಿಸಿದ್ರು. ಬಲಗಡೆ ಭುಜ ಒಂಚೂರು ಮೇಲೆ ಅಷ್ಟೇ, ಬಟ್ಟೆಯೊಳಗೆ ಬೆನ್ನು ಡೊಂಕಾಗಿದೆ ಅಂತ ಹತ್ರ ಬಂದು ನೋಡಿದ್ರೂ ಗೊತ್ತಾಗ್ತಿರ್ಲಿಲ್ಲ. ಒಳ್ಳೇ ದರ್ಜಿ ಇದ್ರೆ ಅದೂ ಮುಚ್ಚಿಹೋಗುತ್ತೆ ಅಂದ್ರು. ಎರಡು ಕೈ ಮೂಳೇನೂ ಸರಿಯಾಗೇ ಇತ್ತು, ಸೊರಗಿದ ಕೈ ಅನ್ನೋದು ಸುಳ್ಳು ಕಾಲಂಗೆ ಹೋಯ್ತು. ಗೂನೂ ಅಲ್ಲಿಗೇ ಹೋಯ್ತು.

ಈಗ ಆ ಹುಡುಗಿಯ ಪ್ರಶ್ನೆಗೆ ಬಂದ್ರು. ಮೋರ್ ಬರೆದಿದ್ದು ಎಡ ಭುಜ ಮೇಲೆ ಅಂತ, ರೌಸ್ ಬರೆದಿದ್ದು ಬಲ ಭುಜ ಮೇಲೆ ಅಂತ. ಮೂಳೆ ಹೇಳಿದ್ದು ಬಲ ಭುಜ. ಅಂದ್ರೆ ಹಲ್ಲು ಸಮೇತ ಹುಟ್ಟಿದ ಅಂತ ಬರೆದ ಅದೇ ಮನುಷ್ಯ ಭುಜದ ವಿಷಯದಲ್ಲಿ ಸರಿಯಾಗಿ ಬರೆದಿದ್ದ, ದೊಡ್ಡ ವಿದ್ವಾಂಸ ಮೋರ್ ತಪ್ಪು ಬರೆದಿದ್ದ. ರೌಸ್ ಅಷ್ಟು ಬೈದ್ರೂ ರಿಚರ್ಡ್ ಕೊನೆವರೆಗೂ ಧೈರ್ಯವಾಗಿ ಹೋರಾಡಿದ ಅಂತಾನೂ ಬರೆದಿದಾನೆ. ಒಬ್ಬನ್ನ ಪೂರ್ತಿ ನಂಬೋದೂ ಅಲ್ಲ ಪೂರ್ತಿ ಬಿಸಾಕೋದೂ ಅಲ್ಲ, ಸಾಲು ಸಾಲಾಗಿ ನೋಡಬೇಕು ಅನ್ನೋದು ನನಗೆ ಆ ಜುಬ್ಬಾ ನೋಡಿದ ಮೇಲೆ ತಲೆಗೆ ಹತ್ತಿದ್ದು, ಯಾವ ಪುಸ್ತಕದಿಂದಲೂ ಅಷ್ಟು ಚೆನ್ನಾಗಿ ಹತ್ತಿರಲಿಲ್ಲ.

ಮೂಳೆ ಸಿಕ್ಕಿದ ಕತೇನೂ ಅವತ್ತೇ ಹೇಳಿದ್ರು. ಲೆಸ್ಟರ್ ಊರಲ್ಲಿ ರಿಚರ್ಡ್ ಮೂಳೆಗಳನ್ನ ಸೋರ್ ನದಿಗೆ ಎಸೆದುಬಿಟ್ರು ಅಂತ ನೂರಾರು ವರ್ಷದಿಂದ ಹೇಳ್ತಾನೇ ಇದ್ರಂತೆ. 2012ರ ಆಗಸ್ಟಲ್ಲಿ, ಹಿಂದೆ ಗ್ರೇಫ್ರಯರ್ಸ್ ಮಠ ಇದ್ದ ಜಾಗದ ಮೇಲಿನ ಒಂದು ಕಾರ್ ಪಾರ್ಕಿಂಗ್ ಅಗೆದ್ರು, ಮೊದಲನೇ ದಿನಾನೇ ಕಾಲಿನ ಮೂಳೆ ಸಿಕ್ತು. ಪೆಟ್ಟಿಗೆ ಇಲ್ಲ, ಗುಂಡಿ ಉದ್ದ ಸಾಲದೆ ತಲೆ ಒಂದು ಕಡೆ ಒತ್ತಿಕೊಂಡಿತ್ತು, ಪಾದಗಳೇ ಇರಲಿಲ್ಲ. ಸಾಯೋ ಹೊತ್ತಲ್ಲಿ ಬಿದ್ದ ಗಾಯ 11, ಅದ್ರಲ್ಲಿ 9 ತಲೆಬುರುಡೆ ಮೇಲೆ, ಅಂದ್ರೆ ಶಿರಸ್ತ್ರಾಣ ಬಿದ್ದುಹೋಗಿತ್ತು ಅಥವಾ ಕಿತ್ತಿದ್ರು. ರಿಚರ್ಡ್‌ನ ಅಕ್ಕನ ಹೆಣ್ಣು ಸಂತತಿಯಲ್ಲಿ ಬಂದ ಇಬ್ಬರ ಡಿಎನ್‌ಎ ಜೊತೆ ತಾಯಿ ಕಡೆಯ ಡಿಎನ್‌ಎ ಹೊಂದಿತು. ಅವರಲ್ಲಿ ಒಬ್ಬ ಲಂಡನ್ನಲ್ಲಿ ಮರಗೆಲಸ ಮಾಡೋನು, 2015ರ ಮಾರ್ಚಲ್ಲಿ ಲೆಸ್ಟರ್ ಕೆಥೆಡ್ರಲ್‌ನಲ್ಲಿ ಮತ್ತೆ ಮಣ್ಣು ಮಾಡಿದಾಗ ಶವಪೆಟ್ಟಿಗೆ ಮಾಡಿದ್ದು ಅವನೇ. ಇದನ್ನ ಹೇಳುವಾಗ ಮೇಷ್ಟ್ರ ಗಂಟಲು ಕಟ್ಟಿತು, ನಮಗೂ ಹಾಗೇ ಆಯ್ತು.

ಮೂರನೇ ಶನಿವಾರ ಮಕ್ಕಳ ವಿಷಯ. ಎಲ್ರೂ ಕಾಯ್ತಿದ್ದಿದ್ದು ಇದಕ್ಕೆ. ಐದನೇ ಎಡ್ವರ್ಡ್, ಅವನ 9 ವರ್ಷದ ತಮ್ಮ, ಇಬ್ರೂ ಲಂಡನ್ ಟವರ್‌ನಲ್ಲಿದ್ರು, 1483ರ ಬೇಸಿಗೆ ಆದ್ಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ರಿಚರ್ಡ್ ಪರ ಇರೋರು ಇದೆಲ್ಲಾ ಟ್ಯೂಡರ್ ರಾಜರು ಕಟ್ಟಿದ ಕತೆ ಅಂತಾರೆ, ಮೇಷ್ಟ್ರು ಅದನ್ನೂ ಬಿಡಲಿಲ್ಲ. ಡೊಮಿನಿಕ್ ಮಾನ್ಚಿನಿ ಅಂತ ಇಟಲಿಯವನು ಆ ಬೇಸಿಗೆ ಲಂಡನ್ನಲ್ಲೇ ಇದ್ದ, ಅದೇ ವರ್ಷ ಡಿಸೆಂಬರ್‌ಗೆ ಬರೆದುಮುಗಿಸಿದ, ಹುಡುಗನ ಹೆಸರು ಹೇಳಿದ್ರೆ ಜನ ಕಣ್ಣೀರು ಹಾಕ್ತಿದ್ರು, ಕೊಂದುಬಿಟ್ರು ಅನ್ನೋ ಅನುಮಾನ ಆಗಲೇ ಇತ್ತು ಅಂತ. ಆಗಿನ್ನೂ ಹೆನ್ರಿ ಟ್ಯೂಡರ್ ರಾಜನೇ ಆಗಿಲ್ಲ. ಕೊಂದಿದ್ದು ಹೇಗೆ, ಕೊಂದರೋ ಇಲ್ಲವೋ ಅನ್ನೋದು ತನಗೆ ಪತ್ತೆಯಾಗಲಿಲ್ಲ ಅಂತಾನೂ ಅದೇ ಮಾನ್ಚಿನಿ ಬರೆದ. 1674ರಲ್ಲಿ ಟವರ್‌ನ ಒಂದು ಮೆಟ್ಟಿಲ ಕೆಳಗೆ ಮಕ್ಕಳ ಮೂಳೆ ಸಿಕ್ಕಿ, ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಇಟ್ಟಿದಾರೆ, 1933ರಲ್ಲಿ ತೆಗೆದು ನೋಡಿದ್ರು, ಡಿಎನ್‌ಎ ಪರೀಕ್ಷೆ ಆಗೇ ಇಲ್ಲ. ಹೀಗಾಗಿ ಕೊಲೆ ಮಾಡಿಸಿದ್ದು ರಿಚರ್ಡಾ ಅನ್ನೋದು ಮೂರನೇ ಕಾಲಂಗೆ ಹೋಯ್ತು. ಕೆಲವರಿಗೆ ಇದು ಸಮಾಧಾನ ಆಗಲಿಲ್ಲ, ಇಷ್ಟು ದಿನ ಕೂತು ಕೊನೆಗೆ ಗೊತ್ತಿಲ್ಲ ಅಂತೀರಲ್ಲ ಸರ್ ಅಂದ್ರು ಒಬ್ರು. ನನ್ನ ಪ್ರಕಾರ ದುಡ್ಡು ಕೊಟ್ಟಿದ್ದು ಸಾರ್ಥಕ ಆಗಿದ್ದೇ ಅಲ್ಲಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಎರಡು ಗಂಟೆ ಆಧಾರ ಸಮೇತ ಹೇಳೋಕೆ ತುಂಬಾ ಓದಿರ್ಬೇಕು.

ಕೊರತೆ ಇಲ್ಲ ಅಂತಲ್ಲ. ನಾಲ್ಕನೇ ಕ್ಲಾಸ್ ನನಗೆ ಹಿಡಿಸಲಿಲ್ಲ. ರಿಚರ್ಡ್ ಮಾಡಿದ ಒಳ್ಳೇ ಕೆಲಸ ಅಂತ 1484ರ ಪಾರ್ಲಿಮೆಂಟಿನ ಕಾನೂನುಗಳನ್ನ ಹೇಳಿದ್ರು, ಅನುಮಾನದ ಮೇಲೆ ಹಿಡಿದವರಿಗೆ ಜಾಮೀನು, ಬಲವಂತದ ಕಾಣಿಕೆ ವಸೂಲಿಗೆ ನಿಷೇಧ, ವಿದೇಶಿ ವ್ಯಾಪಾರಿಗಳ ಮೇಲೆ ನಿರ್ಬಂಧ ತಂದ್ರೂ ಪುಸ್ತಕ ಮಾರೋರಿಗೆ ವಿನಾಯಿತಿ. ಎಲ್ಲಾ ನಿಜ, ಎಲ್ಲಾ ತಿಳ್ಕೋಬೇಕಾದ್ದೇ. ಆದ್ರೆ ಅದನ್ನ ಹೇಳೋ ಉತ್ಸಾಹದಲ್ಲಿ ತೀರ್ಕೊಂಡ ಅಣ್ಣನ ಆಪ್ತ ಲಾರ್ಡ್ ಹೇಸ್ಟಿಂಗ್ಸ್‌ನ 1483ರ ಜೂನ್ 13ಕ್ಕೆ ವಿಚಾರಣೇನೇ ಇಲ್ಲದೆ ತಲೆ ಕಡಿಸಿದ್ದು, ಹುಡುಗ ರಾಜನ ಸೋದರಮಾವ ರಿವರ್ಸ್‌ನ ಅದೇ ತಿಂಗಳು ಕೊಲ್ಲಿಸಿದ್ದು ಬರಲೇ ಇಲ್ಲ. ಬ್ಯಾಂಕಿನಿಂದ ರಿಟೈರ್ ಆದ ಯಜಮಾನ್ರು ಒಬ್ರು ಕೇಳಿದ ಮೇಲೆ ಹೇಳಿದ್ರು. ಅದು ಗೊತ್ತಿರೋದು ಕಾಲಂನಲ್ಲಿ ಮೊದಲನೇ ದಿನಾನೇ ಇರ್ಬೇಕಿತ್ತು. ರಾಕ್ಷಸ ಅನ್ನೋ ಸುಳ್ಳನ್ನ ತೆಗೆದು ಆ ಜಾಗಕ್ಕೆ ಪಾಪದ ಮನುಷ್ಯ ಅನ್ನೋ ಇನ್ನೊಂದು ಚಿತ್ರ ಕೂರಿಸಿದ್ರೆ ಏನು ಬಂತು. ಇದನ್ನ ನಾನು ಕೊನೇಲಿ ಮೇಷ್ಟ್ರಿಗೇ ಹೇಳ್ದೆ, ಅವರು ಒಪ್ಕೊಂಡು ಮುಂದಿನ ಸಲ ಆ ಭಾಗ ಮುಂದಕ್ಕೆ ತರ್ತೀನಿ ಅಂದ್ರು.

ಮ್ಯಾಪ್ ಇರಲಿಲ್ಲ, ಅದೂ ದೊಡ್ಡ ಕೊರತೆ. ಬಾಸ್ವರ್ತ್ ಯುದ್ಧ ನಡೆದ ಜಾಗ ಅಂತ ಜನ ನಂಬಿದ್ದ ಗುಡ್ಡದಿಂದ ಸುಮಾರು 2 ಮೈಲಿ ದೂರದಲ್ಲಿ ಫಿರಂಗಿ ಗುಂಡುಗಳು, ರಿಚರ್ಡ್‌ನ ಲಾಂಛನದ ಪುಟ್ಟ ಬೆಳ್ಳಿ ಕಾಡುಹಂದಿ ಬಿಲ್ಲೆ ಸಿಕ್ಕಿದ್ದನ್ನ ಬಾಯಲ್ಲಿ ಎಷ್ಟು ವಿವರಿಸಿದ್ರೂ ಕಣ್ಣಿಗೆ ಕಟ್ಟಲ್ಲ, ಒಂದು ನಕ್ಷೆ ಗೋಡೆಗೆ ಅಂಟಿಸಿದ್ರೆ ಹತ್ತು ನಿಮಿಷದಲ್ಲಿ ಆಗ್ತಿತ್ತು. ಕ್ಸೆರಾಕ್ಸ್ ಕೆಲವು ಮಸುಕು. ಮೂರನೇ ಕ್ಲಾಸ್ ಏಳೂವರೆಗೆ ಮುಗೀತು, ಮಂಡ್ಯದಿಂದ ಬರೋ ಇಬ್ರು ಟ್ರೈನಿಗೆ ಅಂತ ಮಧ್ಯದಲ್ಲೇ ಎದ್ದುಹೋದ್ರು, ಪಾಪ. ಒಬ್ರೇ ಹತ್ತು ಪ್ರಶ್ನೆ ಕೇಳೋದನ್ನ ಮೇಷ್ಟ್ರು ತಡೆಯಬೇಕು, ಹಿಂದೆ ಕೂತ ಹುಡುಗರಿಗೆ ಬಾಯಿ ತೆಗೆಯೋಕೇ ಚಾನ್ಸ್ ಸಿಗಲಿಲ್ಲ.

ಯಾರಿಗೆ ಸೂಟ್ ಆಗುತ್ತೆ ಅಂದ್ರೆ, ಕೆಎಎಸ್ ಪರೀಕ್ಷೆಗೆ ನೋಟ್ಸ್ ಬೇಕು ಅನ್ನೋರಿಗೆ ಅಲ್ಲ, ಇಲ್ಲಿ ಒಂದು ರಾಜನ ಎರಡು ವರ್ಷ ಚಿಲ್ಲರೆ ಆಳ್ವಿಕೆಗೆ ಎಂಟು ಗಂಟೆ ಹಿಡಿಯುತ್ತೆ. ಮೊಬೈಲಲ್ಲಿ ದಿನಾ ಬರೋ ಇತಿಹಾಸದ ಫಾರ್ವರ್ಡ್ ನೋಡಿ ಇದು ನಿಜಾನಾ ಅಂತ ಒಳಗೊಳಗೇ ಕಸಿವಿಸಿ ಪಡೋರು, ಮನೇಲಿ ಹೈಸ್ಕೂಲ್ ಮಕ್ಕಳಿರೋರು, ಮೇಷ್ಟ್ರುಗಳು, ಇವರೆಲ್ಲ ಹೋಗಿ. ಇಂಗ್ಲಿಷ್ ಬರಲ್ಲ ಅಂತ ಹಿಂಜರಿಬೇಡಿ, ಪಾಠ ಪೂರ್ತಿ ಕನ್ನಡದಲ್ಲೇ, ಹಳೇ ಬರಹಗಳ ತುಣುಕುಗಳನ್ನೂ ಅವರೇ ಕನ್ನಡ ಮಾಡಿ ಕೊಡ್ತಾರೆ, ಓದೋಕೆ ಸರಾಗವಾಗಿದೆ. ಗಾಡಿ ನಿಲ್ಲಿಸೋಕೆ ಮನೆ ಮುಂದೆ ಜಾಗ ಇಲ್ಲ, ಪಕ್ಕದ ಕ್ರಾಸಲ್ಲಿ ನಿಲ್ಲಿಸಿ ನಡೆದು ಬನ್ನಿ. ಮಧ್ಯದಲ್ಲಿ ಫಿಲ್ಟರ್ ಕಾಫಿ ಕೊಡ್ತಾರೆ, ಅದು ಫೀಸಲ್ಲೇ ಸೇರಿದೆ. ಮೆಟ್ಟಿಲು ಕಡಿದಾಗಿದೆ, ಮಂಡಿ ನೋವಿರೋ ಹಿರಿಯರು ಮೊದಲೇ ಹೇಳಿದ್ರೆ ಕೆಳಗಡೆ ವರಾಂಡದಲ್ಲೇ ಕ್ಲಾಸ್ ಇಡ್ತಾರೆ, ನಮ್ಮ ಬ್ಯಾಚಲ್ಲಿ ಒಂದು ದಿನ ಹಾಗೇ ಮಾಡಿದ್ರು. ಮುಂದಿನ ಬ್ಯಾಚು ಸಮುದ್ರದ ಅಲೆಗಳಿಗೆ ನಿಲ್ಲಿ ಅಂದ ಅನ್ನೋ ಕೆನ್ಯೂಟ್ ರಾಜನ ಬಗ್ಗೆ. ನಾನು ಮತ್ತೆ ಸೇರ್ತಿದೀನಿ, ಈ ಸಲ ಮ್ಯಾಪ್ ನಾನೇ ಪ್ರಿಂಟ್ ಹಾಕಿಸ್ಕೊಂಡು ಬರ್ತೀನಿ ಅಂತ ಮೇಷ್ಟ್ರಿಗೆ ಹೇಳಿದೀನಿ.